ಸಂಜೆಯಾದರೆ ‘ಮನಿಗೆ ಹೋಗವು’ ಅಂತ ಚೀಲ ಹಿಡಿದು ಹೊರಡುವ ಅತ್ತೆ: ಏನು ಹೇಳೋದು, ಬಾವಿ-ಬಾಗಿಲಿಗೆ ಏನು ಮಾಡೋದು?

ತೋಟದಂಚು (ಶಿರಸಿ)

ಅತ್ತೆಗೆ 78. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ತೋರಿಸಿದಾಗ ಆಲ್‌ಝೈಮರ್ ಮರೆವು ಅಂದರು. ಮರೆವಿಗೆ ಡೊನೆಪೆಜಿಲ್ 10 ಮಿ.ಗ್ರಾಂ ರಾತ್ರಿ. ಬಿಪಿಗೆ ಬೆಳಿಗ್ಗೆ ಒಂದು ಗುಳಿಗೆ, ಅದರಲ್ಲೇ ನೀರಿನ ಗುಳಿಗೆಯೂ (ಮೂತ್ರ ಹೆಚ್ಚು ಹೋಗಿಸುವಂಥದ್ದು) ಸೇರಿದೆ. ನಡೀತಾರೆ, ಕೈಯಾರೆ ಉಣ್ತಾರೆ.

ತೊಂದರೆ ಸಂಜೆಯದು. ಐದೂವರೆ ಆಗ್ತಿದ್ದ ಹಾಗೆ ಒಂದು ಸೀರೆ, ಕನ್ನಡಕದ ಡಬ್ಬಿ ಕೈಚೀಲಕ್ಕೆ ತುಂಬಿ ‘ಆನು ಮನಿಗೆ ಹೋಗವು’ ಅಂತ ಹೊರಡ್ತಾರೆ. ತವರು ಸಿದ್ದಾಪುರದ ಕಡೆ. ಆ ಮನೆಯೇ ಈಗಿಲ್ಲ. ಆಯಿ (ಅವರ ಅಮ್ಮ) ತೀರಿಕೊಂಡು ಮೂವತ್ತು ವರ್ಷ ಆಯ್ತು ಅಂದರೆ ಆಗಷ್ಟೇ ಸುದ್ದಿ ಕೇಳಿದವರ ಹಾಗೆ ಅಳ್ತಾರೆ. ಅರ್ಧ ಗಂಟೆಗೆ ಮತ್ತೆ ಚೀಲ. ಮನೆ ಎದುರು ತೆರೆದ ಬಾವಿ, ಕೆಳಗೆ ತೋಟ, ತೋಟದಾಚೆ ಹಳ್ಳ, ಅದಕ್ಕೊಂದು ಸಂಕ (ಕಾಲುಸೇತುವೆ).

ಇದರ ಮೇಲೆ ನಾಲ್ಕೈದು ದಿನದಿಂದ ರಾತ್ರಿ ನಿದ್ದೆಯೇ ಇಲ್ಲ. ಮೂಲೆಯಲ್ಲಿ ಮಕ್ಕಳು ಕೂತಿದ್ದಾರೆ ಅಂತಾರೆ, ಹಗಲೆಲ್ಲ ತೂಕಡಿಕೆ. ವಾರದ ಹಿಂದೆ ಶೀತ ಆಗಿ ಅಂಗಡಿ ಗುಳಿಗೆ ಕೊಟ್ಟಿದ್ದೆವು, ಇನ್ನೂ ನಡೀತಿದೆ.

ಮರೆವು ಮುಂದಿನ ಹಂತಕ್ಕೆ ಹೋಯ್ತಾ? ನಿದ್ದೆ ಗುಳಿಗೆ ಕೊಡಬಹುದಾ? ‘ಮನೆಗೆ ಹೋಗ್ತೇನೆ’ ಅಂದಾಗ ಏನು ಹೇಳಬೇಕು?

ಹಗಲುಪಾಳಿ (ಕುಮಟಾ)

ಮೊದಲು ಎರಡನ್ನೂ ಬೇರೆ ಮಾಡಿ. ಸಂಜೆಯ ಚೀಲ ಮರೆವಿನ ಕಾಯಿಲೆಯದು. ನಾಲ್ಕೈದು ದಿನದ ಗಲಿಬಿಲಿ ಅದರದ್ದಲ್ಲ. ಆಲ್‌ಝೈಮರ್ ಇಳಿಯೋದು ತಿಂಗಳು, ವರ್ಷದ ಲೆಕ್ಕದಲ್ಲಿ. ದಿನಗಳಲ್ಲಿ ಆಳು ಬದಲಾದರೆ ಅದು ಡೆಲಿರಿಯಂ, ಹಳಬರು ಸನ್ನಿ ಅಂತಿದ್ದದ್ದು. ಮೈಯಲ್ಲಿ ಎಲ್ಲೋ ಏನೋ ಕೆಟ್ಟಿದೆ, ಮಿದುಳು ಅದನ್ನು ಹೀಗೆ ಹೇಳ್ತಾ ಇದೆ. ಕಾರಣ ಸಿಕ್ಕರೆ ಬಹಳಷ್ಟು ಸಲ ಹಿಂದಿನ ಸ್ಥಿತಿಗೇ ಬರ್ತಾರೆ.

ನನ್ನ ಮೊದಲ ಅನುಮಾನ ಆ ಶೀತದ ಗುಳಿಗೆ. ಪಟ್ಟಿಯ ಹಿಂಬದಿ ಓದಿ: ಕ್ಲೋರ್‌ಫೆನಿರಮೈನ್ ಅಂತ ಇದೆಯಾ? ಪ್ಯಾರಾಸಿಟಮಾಲ್, ಫಿನೈಲೆಫ್ರಿನ್ ಜೊತೆ ಸೇರಿಸಿಯೇ ಮಾರ್ತಾರೆ. ಆಲ್‌ಝೈಮರ್ ಇರುವವರ ಮಿದುಳಲ್ಲಿ ಅಸಿಟೈಲ್‌ಕೋಲಿನ್ ಅನ್ನುವ, ನೆನಪಿಗೆ ಬೇಕಾದ ರಾಸಾಯನಿಕ ಮೊದಲೇ ಕಡಿಮೆ. ಡೊನೆಪೆಜಿಲ್ ಇರೋದು ಅದನ್ನು ಉಳಿಸಿಕೊಳ್ಳೋಕೆ, ಕ್ಲೋರ್‌ಫೆನಿರಮೈನ್ ಅದರ ಕೆಲಸವನ್ನೇ ತಡೀತದೆ. ರಾತ್ರಿ ಒಂದು ಕೊಟ್ಟು ಬೆಳಿಗ್ಗೆ ಅದಕ್ಕೆ ಎದುರಿನದ್ದು ಕೊಟ್ಟ ಹಾಗೆ. ಬಾಯಿ ಒಣಗ್ತದೆ, ಮಲ ಕಟ್ತದೆ, ಮೂತ್ರ ನಿಲ್ತದೆ, ತಲೆ ಕದಡ್ತದೆ. ತುರಿಕೆಯ ಅವಿಲ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯೋಕೆ ಕೊಡುವ ಆಕ್ಸಿಬ್ಯುಟಿನಿನ್ ಕೂಡ ಇದೇ ಜಾತಿ. ಫಿನೈಲೆಫ್ರಿನ್ ಬಿಪಿ ಏರಿಸೋದು ಬೇರೆ.

ಎರಡನೇದು ಹೊಟ್ಟೆ. ಕಡೆಯ ಸಲ ಸರಿಯಾಗಿ ಮಲ ಹೋದದ್ದು ಯಾವತ್ತು? ಅವರನ್ನೇ ಕೇಳಬೇಡಿ, ‘ಇವತ್ತೇ ಆಯ್ತು’ ಅಂತಾರೆ. ಇಲ್ಲೊಂದು ಮೋಸ ಇದೆ. ಗಟ್ಟಿ ಮಲ ಕೆಳಗೆ ಸಿಕ್ಕಿಕೊಂಡು ಅದರ ಪಕ್ಕದಿಂದ ನೀರು ಮಲ ಜಿನುಗ್ತದೆ. ಮನೆಯವರು ಭೇದಿ ಅಂತ ತಿಳಿದು ನಿಲ್ಲಿಸುವ ಗುಳಿಗೆ ಕೊಡ್ತಾರೆ, ಪೂರ್ತಿ ಕಟ್ಟಿಹೋಗ್ತದೆ.

ಮೂರನೇದು ರಕ್ತದಲ್ಲಿ ಸೋಡಿಯಂ. ನೀರಿನ ಗುಳಿಗೆ ತಗೊಳ್ಳುವ ವಯಸ್ಸಾದವರಲ್ಲಿ ಇದು ಇಳಿಯೋದು ಬಹಳ. 135ಕ್ಕಿಂತ ಕೆಳಗಿದ್ದರೆ ಡಾಕ್ಟರು ಆ ಬಿಪಿ ಗುಳಿಗೆಯನ್ನೇ ಬದಲಿಸಬೇಕಾಗಬಹುದು. ಜೊತೆಗೆ ಸಕ್ಕರೆ, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ) ನೋಡಿಸಿ. ಮೂತ್ರದ ಸೋಂಕೂ ಕಾರಣ ಇರಬಹುದು, ಈ ವಯಸ್ಸಲ್ಲಿ ಜ್ವರ ಬರದೆಯೂ ಇರ್ತದೆ. ಆದರೆ ವಯಸ್ಸಾದ ಹೆಂಗಸರ ಮೂತ್ರದಲ್ಲಿ ಸೋಂಕಿಲ್ಲದೆಯೂ ಬ್ಯಾಕ್ಟೀರಿಯಾ ಸಿಗೋದು ಸಾಮಾನ್ಯ. ಅದೊಂದೇ ರಿಪೋರ್ಟ್ ಹಿಡಿದು ಆ್ಯಂಟಿಬಯೋಟಿಕ್ ಕೊಟ್ಟು ಉಳಿದದ್ದನ್ನು ನೋಡದೆ ಬಿಡೋದು ತಪ್ಪು.

ತಿಂಗಳೆರಡು ತಿಂಗಳಲ್ಲಿ ಬಿದ್ದು ತಲೆಗೆ ತಾಗಿತ್ತಾ? ತಾಗಿದ್ದರೆ ಸಿ.ಟಿ. ಸ್ಕ್ಯಾನ್ ಬೇಕು. ತಲೆಬುರುಡೆಯ ಒಳಗೆ ನಿಧಾನಕ್ಕೆ ರಕ್ತ ಕಟ್ಟೋದು ವಾರಗಳ ಮೇಲೆ ಗೊತ್ತಾಗ್ತದೆ, ಆಸ್ಪಿರಿನ್ ತಗೊಳ್ಳೋರಲ್ಲಿ ಇನ್ನೂ ಹೆಚ್ಚು.

ಎಬ್ಬಿಸಿದರೆ ಎಚ್ಚರ ಆಗ್ತಿಲ್ಲ, ಒಂದು ಬದಿ ಸೋತಿದೆ, ಮಾತು ತೊದಲ್ತಿದೆ, ಉಸಿರು ಜೋರು, ಎಂಟು-ಹತ್ತು ಗಂಟೆಯಿಂದ ಮೂತ್ರ ಇಲ್ಲ: ಇದರಲ್ಲಿ ಯಾವುದೇ ಒಂದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ, 108. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ತಾಲೂಕು ಆಸ್ಪತ್ರೆ. ಮನೆಯಲ್ಲಿರೋ ಎಲ್ಲಾ ಗುಳಿಗೆ ಪಟ್ಟಿ ಒಂದು ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ ತಗೊಂಡೇ ಹೋಗಿ, ಆಯುರ್ವೇದದ್ದೂ ಸೇರಿ.

ನಿದ್ದೆ ಗುಳಿಗೆ ಬೇಡವೇ ಬೇಡ. ಅಲ್ಪ್ರಾಜೋಲಾಮ್ ಜಾತಿಯದು ಸನ್ನಿಯನ್ನು ಹೆಚ್ಚಿಸ್ತದೆ, ನಡುರಾತ್ರಿ ಎದ್ದರೆ ಬೀಳಿಸ್ತದೆ. ಹ್ಯಾಲೋಪೆರಿಡಾಲ್‌ನಂಥ ಮನೋರೋಗದ ಔಷಧಿ ಡಾಕ್ಟರೇ ನೋಡಿ, ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನಕ್ಕೆ ಕೊಡಬೇಕಾದ್ದು. ಮರೆವಿರುವ ವೃದ್ಧರಲ್ಲಿ ಪಾರ್ಶ್ವವಾಯು, ಸಾವು ಎರಡರ ಅಪಾಯವನ್ನೂ ಅದು ಏರಿಸ್ತದೆ. ಈ ಮಕ್ಕಳು ಕಾಣೋದು ತಿಂಗಳುಗಟ್ಟಲೆ ಮೊದಲಿಂದಲೂ ಇದ್ದು, ನಡಿಗೆಯೂ ಬಿಗಿಯಾಗಿದ್ದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಲೆವಿ ಬಾಡಿ ಅನ್ನುವ ಬಗೆಯ ಮರೆವಾಗಿದ್ದರೆ ಹ್ಯಾಲೋಪೆರಿಡಾಲ್‌ಗೆ ಮೈ ಮರಗಟ್ಟಿಹೋಗಬಹುದು.

ಕೈಕೆಲಸ (ಸದಾಶಿವಗಡ)

ಗುಳಿಗೆ ವಿಚಾರ ಮೇಲಿನವರು ಹೇಳಿಯಾಯ್ತು. ನಾನು ಚೀಲದ ಬಗ್ಗೆ.

ಐದೂವರೆಗೇ ಯಾಕೆ? ಮಿದುಳಿನ ಒಳಗಡಿಯಾರವೇ ಈ ಕಾಯಿಲೆಯಲ್ಲಿ ಹಾಳಾಗಿರ್ತದೆ. ದಿನವಿಡೀ ಸುತ್ತಲಿನದ್ದನ್ನು ಅರ್ಥ ಮಾಡಿಕೊಳ್ಳಲು ಹೆಣಗಿ ದಣಿದಿರ್ತಾರೆ. ಅದೇ ಹೊತ್ತಿಗೆ ಬೆಳಕು ಇಳೀತದೆ, ಕಂಬದ ನೆರಳು ಜಗುಲಿ ಮೇಲೆ ಉದ್ದ ಬೀಳ್ತದೆ, ಗೋಡೆಗೆ ತೂಗಿದ ಅಂಗಿ ಆಳಿನ ಹಾಗೆ ಕಾಣ್ತದೆ. ಕಣ್ಣೆದುರಿನ ಮನೆ ಅವರಿಗೆ ಅಪರಿಚಿತ ಆಗ್ತದೆ, ಅಪರಿಚಿತ ಜಾಗದಿಂದ ಯಾರಿಗಾದರೂ ಮನೆಗೆ ಹೋಗಬೇಕು ಅನ್ನಿಸೋದೇ. ‘ಮನೆ’ ಅಂದರೆ ಸಿದ್ದಾಪುರದ ಕಟ್ಟಡ ಅಂತ ತಿಳಿದು ವಾದಕ್ಕಿಳಿದರೆ ಸೋತಿರಿ.

ಹಾಗಾಗಿ ಕೆಲಸ ಶುರು ಆಗಬೇಕಾದ್ದು ನಾಲ್ಕು ಗಂಟೆಗೆ. ಮಳೆಗಾಲದಲ್ಲಿ ನಮ್ಮ ಕಡೆ ನಾಲ್ಕೂವರೆಗೇ ಒಳಗೆ ಕತ್ತಲೆ. ಕತ್ತಲಾದ ಮೇಲೆ ದೀಪ ಹಾಕಬೇಡಿ, ಆಗೋ ಮೊದಲೇ ಹಾಕಿ. ಒಂದೇ ಬಲ್ಬಿನ ಬದಲು ಎರಡು ಕಡೆಯಿಂದ ಬೆಳಕು ಬಂದರೆ ನೆರಳು ಸಾಯ್ತದೆ. ಜಗುಲಿ, ನಡುಮನೆ, ಬಚ್ಚಲ ದಾರಿ ಈ ಮೂರನ್ನು ಇನ್ವರ್ಟರಿಗೆ ಹಾಕಿಸಿ, ಟಿ.ವಿ.ಗೆ ಅಲ್ಲ. ಕಪಾಟಿನ ಕನ್ನಡಿಗೆ ಬಟ್ಟೆ ಇಳಿಬಿಡಿ, ಒಳಗಿರುವ ಮುದುಕಿ ಯಾರು ಅಂತ ಹೆದರೋದು ತಪ್ಪುತ್ತದೆ. ನಾಲ್ಕಕ್ಕೆ ಏನಾದರೂ ತಿನ್ನಲಿ, ಹಸಿವು ಅಂತ ಹೇಳೋಕೆ ಅವರಿಗೆ ಗೊತ್ತಾಗದೆ ಇರಬಹುದು. ಹಗಲು ನಿದ್ದೆ ಮಧ್ಯಾಹ್ನ ಎರಡು ಗಂಟೆಗೆ ಮೊದಲೇ ಮುಗೀಲಿ, ಅರ್ಧ ತಾಸು ಸಾಕು. ಬೆಳಗಿನ ಬಿಸಿಲಲ್ಲಿ ಅರ್ಧ ಗಂಟೆ ಅಂಗಳದಲ್ಲಿ ಕೂರಿಸಿ.

ಚೀಲ ಹಿಡಿದು ಹೊರಟಾಗ ಎದುರು ನಿಲ್ಲಬೇಡಿ, ಬಾಗಿಲಿಗೆ ಅಡ್ಡ ಬಂದವರು ಕಳ್ಳರ ಹಾಗೆ ಕಾಣ್ತಾರೆ. ಪಕ್ಕಕ್ಕೆ ಬನ್ನಿ. ಚೀಲ ಕಿತ್ತುಕೊಳ್ಳಬೇಡಿ, ‘ಕೊಡಿ, ಭಾರ ಇದ್ದು, ಆನು ಹಿಡಕತ್ತೆ’ ಅನ್ನಿ. ‘ಹೋಪನ, ದೀಪ ಹಚ್ಚಿಕ್ಕೆ ಹೋಪನ’ (ಹೋಗೋಣ, ದೀಪ ಹಚ್ಚಿ ಹೋಗೋಣ) ಅನ್ನಬಹುದು. ದೀಪ ಹಚ್ಚೋದು ಅವರ ಕೈಗೆ ಐವತ್ತು ವರ್ಷದ ರೂಢಿ, ಬತ್ತಿ ಕೈಗೆ ಬಂದ ಕೂಡಲೇ ಬೆರಳು ಅದನ್ನು ಹೊಸೆಯೋಕೆ ಶುರು ಮಾಡ್ತದೆ. ಹೆಸರು, ತಾರೀಕು ಅಳಿಸಿಹೋದ ಮೇಲೂ ಕೈಯ ನೆನಪು ಬಹಳ ಕಾಲ ಉಳೀತದೆ. ಆಗಲೂ ಬಿಡದಿದ್ದರೆ ಜೊತೆಗೇ ಹೊರಡಿ: ತಡಮೆಯವರೆಗೆ (ಬೇಲಿಯ ದಾಟು) ಹೋಗಿ, ಕೊಟ್ಟಿಗೆ ಬಳಸಿ, ಹಿಂದಿನ ಬಾಗಿಲಿಂದ ಒಳಗೆ ಬನ್ನಿ. ಹತ್ತು ನಿಮಿಷ. ಎಷ್ಟೋ ಸಲ ‘ಬಂತು ಮನೆ’ ಅಂತ ಅವರೇ ಕೂರ್ತಾರೆ.

ಕೂತ ಮೇಲೆ ಕೈಗೊಂದು ಕೆಲಸ. ಹೂಬತ್ತಿ, ಹೂ ಕಟ್ಟೋದು, ಚಾಲಿ ಅಡಕೆಯಲ್ಲಿ ಒಡಕು ಹೆಕ್ಕೋದು. ಅಡಕೆ ಸುಲಿಯುವ ಮೆಟ್ಟುಗತ್ತಿ ಮಾತ್ರ ಕಣ್ಣಿಗೆ ಬೀಳದ ಹಾಗೆ ಅಟ್ಟಕ್ಕೆ ಸಾಗಿಸಿ. ಕೈ ನೆನಪಿದೆ ಅಂತ ಬೆರಳಿನ ದೂರವೂ ನೆನಪಿದೆ ಅಂತಲ್ಲ.

ಗೋಳಿಮರ (ಹೊನ್ನಾವರ)

ಅಂದರೆ ಸುಳ್ಳು ಹೇಳಿ ಸುತ್ತು ಹಾಕಿಸೋದಾ? ಹಿರಿಯರಿಗೆ ಹೀಗೆ ಮಾಡೋದು ಸರಿ ಅನ್ನಿಸೋಲ್ಲ.

ಕೈಕೆಲಸ (ಸದಾಶಿವಗಡ)

ಸುಳ್ಳು ಬೇಕಾಗಿಯೇ ಇಲ್ಲ. ‘ಆಯಿ ಬದುಕಿದ್ದಾರೆ’ ಅಂತ ಹೇಳೋಕೆ ಹೇಳಿಲ್ಲ, ‘ಸತ್ತಿದ್ದಾರೆ’ ಅಂತ ದಿನಾ ಹೇಳಬೇಡಿ ಅಂತ ಅಷ್ಟೆ. ಹೊಸ ನೆನಪು ಕೂರೋದಿಲ್ಲ, ಹಾಗಾಗಿ ಪ್ರತಿ ಸಂಜೆಯೂ ಅವರಿಗೆ ಅದು ಮೊದಲ ಸಾವು. ಸುದ್ದಿ ಮರೀತದೆ, ದುಃಖ ಮಾತ್ರ ರಾತ್ರಿಯವರೆಗೆ ಉಳೀತದೆ. ‘ಆಯಿ ನೆನಪು ಬಂತಾ? ಆಯಿ ಯಾವ ತಂಬುಳಿ ಚೆನ್ನಾಗಿ ಮಾಡ್ತಿದ್ದರು?’ ಇದರಲ್ಲಿ ಸುಳ್ಳು ಎಲ್ಲಿದೆ? ಅವರೇ ನೇರವಾಗಿ, ಸಮಾಧಾನವಾಗಿ ‘ಆಯಿ ಇದ್ದಾಳಾ?’ ಅಂತ ಕೇಳಿದ ದಿನ ನಿಜ ಹೇಳಿ, ಕೈ ಹಿಡಿದು ಕೂತಿರಿ.

ಕಾರವಾರ ಕಡೆಯವರಿಗೆ ಒಂದು ಮಾತು. ಮನೆಮಾತು ಕೊಂಕಣಿ ಇರುವವರು ಕಾಯಿಲೆ ಬೆಳೆದ ಹಾಗೆ ಕೊಂಕಣಿಗೇ ಮರಳ್ತಾರೆ. ಅಂಥವರ ನೆನಪಿನ ಪರೀಕ್ಷೆಯನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಮಾಡಿದರೆ ಇರೋದಕ್ಕಿಂತ ಕಡಿಮೆ ಅಂಕ ಬರ್ತದೆ. ಗೋವಾದ ಬಾಂಬೋಳಿ ಆಸ್ಪತ್ರೆಗೆ ಹೋಗ್ತೀರೋ ಮಂಗಳೂರಿಗೋ, ಮನೆಮಾತು ಯಾವುದು ಅಂತ ಮೊದಲೇ ಹೇಳಿ. ಕಿವಿ ಮಂದ ಇದ್ದರೆ ಅದನ್ನೂ.

ಸಂಕದಾಚೆ (ಸಿದ್ದಾಪುರ)

ಬಾವಿಗೆ ಇವತ್ತೇ ಕೆಲಸ ಮಾಡಿಸಿ. ಕಟ್ಟೆ ಎತ್ತರ ಮಾಡಿದರೆ ಸಾಲದು, ಹತ್ತಿ ಕೂರ್ತಾರೆ. ವೆಲ್ಡಿಂಗ್‌ನವರಿಂದ ಕಬ್ಬಿಣದ ಜಾಲರಿ ಮುಚ್ಚಳ, ಕೊಡಪಾನ ಇಳಿಯುವಷ್ಟು ಒಂದು ಬಾಗಿಲು, ಅದಕ್ಕೆ ಬೀಗ. ಹಗ್ಗ, ಕೊಡಪಾನ ಹೊರಗೆ ಬಿಡಬೇಡಿ. ಅವು ಕಂಡರೆ ನೀರು ಸೇದಬೇಕು ಅನ್ನಿಸ್ತದೆ.

ಬಾಗಿಲ ಚಿಲಕ ಕಣ್ಣಿನ ಎತ್ತರಕ್ಕೆ ಬೇಡ. ಮೇಲ್ತುದಿಗೋ ಕೆಳತುದಿಗೋ ಇನ್ನೊಂದು ಹಾಕಿ, ಅಲ್ಲಿ ಹುಡುಕೋದು ಅವರಿಗೆ ಹೊಳೆಯೋದು ಕಡಿಮೆ. ಆದರೆ ಒಬ್ಬರನ್ನೇ ಒಳಗೆ ಬಿಟ್ಟು ಹೊರಗಿಂದ ಬೀಗ ಹಾಕಬೇಡಿ, ಬೆಂಕಿ ಬಿದ್ದರೆ ಮುಗೀತು. ಬಾಗಿಲಿಗೂ ತಡಮೆಗೂ ದನದ ಕೊರಳ ಗಂಟೆ ಕಟ್ಟಿ, ಸಾವಿರಾರು ರೂಪಾಯಿ ಅಲಾರಂಗಿಂತ ಅದು ವಾಸಿ, ಕರೆಂಟೂ ಬೇಡ. ಬಾಗಿಲೆದುರು ಕಪ್ಪು ಚಾಪೆ ಹಾಕಿ ಅಂತ ಕೆಲವರು ಹೇಳ್ತಾರೆ, ಅವರ ಕಣ್ಣಿಗೆ ಗುಂಡಿ ಹಾಗೆ ಕಾಣ್ತದೆ ಅಂತ. ನಿಜ, ಆದರೆ ದಾಟೋಕೆ ಹೋಗಿ ಬೀಳ್ತಾರೆ. ನನ್ನ ಮತ ಬೇಡ ಅಂತ.

ಸಂಕಕ್ಕೆ ಹೋಗುವ ದಾರಿಗೆ ಈಚೆ ಕಡೆಯಲ್ಲೇ ಒಂದು ಗೇಟು. ಅಂಗಳದ ಹಾವಸೆಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ. ಹಾಸಿದ ಅಡಕೆ ದಬ್ಬೆ ಮಳೆಗೆ ನೆನೆದರೆ ಜಾರ್ತದೆ, ಅವರು ಓಡಾಡೋ ಕಡೆಯಿಂದ ತೆಗೆದುಬಿಡಿ.

ತಪ್ಪಿಸಿಕೊಂಡರೆ: ಹದಿನೈದು ನಿಮಿಷ ಮನೆಯ ಒಳಗೆ, ಕೊಟ್ಟಿಗೆ, ಹುಲ್ಲುಬಣವೆ ಹಿಂದೆ. ಅಷ್ಟೇ ಹೊತ್ತಿಗೆ ಇನ್ನೊಬ್ಬರು ನೀರಿನ ಕಡೆ. ಹೆಸರು ಕೂಗಿದರೆ ಓಗೊಡೋದಿಲ್ಲ ಅಂತಲೇ ಇಟ್ಟುಕೊಳ್ಳಿ, ಕಣ್ಣಲ್ಲಿ ಹುಡುಕಬೇಕು, ಪೊದೆ ಒಳಗೂ. ಸಿಗದಿದ್ದರೆ 112. ಇಪ್ಪತ್ನಾಲ್ಕು ಗಂಟೆ ಕಾಯಬೇಕು ಅನ್ನೋದು ಬರಿ ಮಾತು. ತವರಿನ ದಿಕ್ಕಿನ ಬಸ್ ಸ್ಟಾಪ್ ಅಂಗಡಿಯವರಿಗೂ ಕಂಡಕ್ಟರಿಗೂ ಈಗಲೇ ಹೇಳಿಡಿ. ಫೋನ್ ನಂಬರ್ ಬರೆದ ಪಟ್ಟಿಯನ್ನು ಲಂಗದ ನಡುಪಟ್ಟಿಗೆ ಹೊಲಿದುಬಿಡಿ, ಪರ್ಸಿನ ಚೀಟಿ ಮೊದಲ ದಿನವೇ ಕಳೀತದೆ.

ಇನ್ನೊಂದು, ಕೇಳದಿದ್ದರೂ ಹೇಳ್ತೇನೆ. ಬ್ಯಾಂಕು, ಸೊಸೈಟಿ ಸಹಿ ಅವರಿಗೆ ಅರ್ಥವಾಗುವಾಗಲೇ ಜಂಟಿ ಖಾತೆ ಮಾಡಿ ಮುಗಿಸಿ. ಜಿಪಿಎ (ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆಸಿದ್ದೇವಲ್ಲ ಅಂತ ಕೂರಬೇಡಿ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ 1872ರ ಕಾಂಟ್ರಾಕ್ಟ್ ಕಾಯ್ದೆ ಪ್ರಕಾರ ಅದೂ ಅಲ್ಲಿಗೇ ನಿಲ್ತದೆ.

ತೋಟದಂಚು (ಶಿರಸಿ)

ಎಲ್ಲರಿಗೂ ಉಪಕಾರ ಆಯ್ತು. ಶೀತದ ಗುಳಿಗೆಯಲ್ಲಿ ಕ್ಲೋರ್‌ಫೆನಿರಮೈನ್ ಇತ್ತು, ನಿಲ್ಲಿಸಿದೆವು. ಹೊಟ್ಟೆಯೂ ಆರು ದಿನದಿಂದ ಹೋಗಿರಲಿಲ್ಲ, ಡಾಕ್ಟರು ಲ್ಯಾಕ್ಟುಲೋಸ್ ಕೊಟ್ಟರು. ಸೋಡಿಯಂ 136. ಮೂಲೆಯ ಮಕ್ಕಳು ಈಗಿಲ್ಲ. ಚೀಲ ಇದೆ.

ಕಡೆಯದೊಂದು: ಕವಳ (ಎಲೆ-ಅಡಕೆ) ಬಿಡಿಸಬೇಕಾ? ಅಡಕೆ ತಿಂದರೆ ನೆನಪು ಚುರುಕು ಅಂತ ಮನೆಯಲ್ಲಿ ಕೆಲವರು ಹೇಳ್ತಾರೆ.

ಹಗಲುಪಾಳಿ (ಕುಮಟಾ)

136 ಅಂದರೆ ಅಂಚಿನಲ್ಲಿದೆ, ಎರಡು ವಾರಕ್ಕೆ ಇನ್ನೊಮ್ಮೆ ನೋಡಿಸಿ. ಮುಂದೆ ನಡವಳಿಕೆಯ ತೊಂದರೆಗೆ ಪ್ರತಿ ಸಲ ಹುಬ್ಬಳ್ಳಿಗೇ ಓಡಬೇಕಿಲ್ಲ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರ್ತಾರೆ, ಯಾವ ಮಂಗಳವಾರ ಅಂತ ಅಲ್ಲೇ ಕೇಳಿ. ಟೆಲಿ ಮನಸ್ ಅನ್ನುವ ಸರ್ಕಾರಿ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ನೋಡಿಕೊಳ್ಳುವವರೂ ಫೋನ್ ಮಾಡಬಹುದು.

ಕವಳ. ಅಡಕೆಯ ಅರೆಕೋಲಿನ್ ಕೂಡ ಅದೇ ಅಸಿಟೈಲ್‌ಕೋಲಿನ್ ದಾರಿಯಲ್ಲೇ ಕೆಲಸ ಮಾಡೋದು, ಮನೆಯವರ ಮಾತಿಗೆ ಬುಡ ಅದೇ ಇರಬಹುದು. ಔಷಧಿ ಆಗುವಷ್ಟು ಅದರಲ್ಲೇನೂ ಸಿಕ್ಕಿಲ್ಲ. ಅಡಕೆ ಕ್ಯಾನ್ಸರ್ ತರುವ ವಸ್ತು ಅನ್ನೋದಂತೂ ಖಚಿತ. ಮೇಲಾಗಿ ಡೊನೆಪೆಜಿಲ್ ಜೊತೆ ಸೇರಿ ಜೊಲ್ಲು, ಭೇದಿ, ನಾಡಿ ನಿಧಾನ ಆಗೋದು ಹೆಚ್ಚಬಹುದು. ವಾರಕ್ಕೊಮ್ಮೆ ನಾಡಿ ಎಣಿಸಿ. ನಿಮಿಷಕ್ಕೆ 50ಕ್ಕಿಂತ ಕಡಿಮೆ ಬಂದರೆ ಅಥವಾ ಕಣ್ಣು ಕತ್ತಲೆ ಬಂದು ಕುಸಿದರೆ ಡಾಕ್ಟರಿಗೆ ಹೇಳಿ.

78ರಲ್ಲಿ ಒಮ್ಮೆಲೇ ಬಿಡಿಸೋಕೆ ಹೋದರೆ ದಿನವಿಡೀ ಅದೇ ಜಗಳ. ಹೊಗೆಸೊಪ್ಪು ಮೊದಲು ತೆಗೀರಿ, ಆಮೇಲೆ ಅಡಕೆ ಕಡಿಮೆ ಮಾಡ್ತಾ ಬನ್ನಿ, ಎಲೆ ಇರಲಿ. ಕವಳದ ಬಟ್ಟಲು ಅವರ ಎದುರಿಗಿಡಬೇಡಿ. ಎಷ್ಟು ಸುಣ್ಣ ಹಚ್ಚಿದೆ ಅನ್ನೋದು ಮರೆತು ಮತ್ತೆ ಮತ್ತೆ ಹಚ್ಚಿ ಬಾಯಿ ಸುಟ್ಟುಕೊಳ್ತಾರೆ. ಸುಣ್ಣ ನೀವೇ ಸವರಿ, ಕುಟ್ಟಿ ಕೊಡಿ, ಹಲ್ಲಿಗೂ ಹಗುರ. ತೂಕಡಿಸುವಾಗ, ಮಲಗಿದಲ್ಲಿ ಕೊಡಲೇಬೇಡಿ, ಗಂಟಲಿಗೆ ಇಳಿದು ಸಿಕ್ಕಿಕೊಳ್ತದೆ. ಮಲಗೋ ಮೊದಲು ಬಾಯಿ ತೊಳೆಸಿ ಕೆನ್ನೆಯ ಸಂದಿಯಲ್ಲಿ ಬೆರಳಾಡಿಸಿ ನೋಡಿ, ಸಂಜೆಯ ಕವಳ ಅಲ್ಲೇ ಕೂತಿರ್ತದೆ.