ಹುಳು ಅಂದ್ರೆ ಯಾವ ಹುಳು? ಅಕಶೇರುಕಗಳ ಪಾಠ ಕಲಿತವರ ಅನುಭವ ಬೇಕಿತ್ತು

ಪ್ರಶ್ನೆ (ಗಂಗಾವತಿ ತಾಲ್ಲೂಕು, ಬಿ.ಎಸ್ಸಿ ಮೊದಲ ವರ್ಷ)

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಈಗ ಪ್ರಾಣಿಶಾಸ್ತ್ರ ತಗೊಂಡಿದ್ದೇನೆ. ಅಕಶೇರುಕಗಳ (ಬೆನ್ನುಮೂಳೆ ಇಲ್ಲದ ಪ್ರಾಣಿಗಳ) ವರ್ಗೀಕರಣ ಶುರುವಾದ ಮೇಲೆ ತಲೆ ಕೆಟ್ಟುಹೋಗಿದೆ. ಪೊರಿಫೆರಾ, ನೈಡೇರಿಯಾ, ಪ್ಲಾಟಿಹೆಲ್ಮಿಂಥಿಸ್ ಅಂತ ರಾತ್ರಿ ಬಾಯಿಪಾಠ ಮಾಡಿದ್ದು ಬೆಳಿಗ್ಗೆ ಬಸ್ ಹತ್ತುವಷ್ಟರಲ್ಲಿ ಮಾಯ. ಮೊದಲ ಟೆಸ್ಟಿನಲ್ಲಿ 25ಕ್ಕೆ 7 ಬಂತು. ಕೊನೆಗೆ ಬರುವ ಹೆಮಿಕಾರ್ಡೇಟಾ, ಯೂರೋಕಾರ್ಡೇಟಾ ಅಂತೂ ಚಿತ್ರ ನೋಡಿದರೂ ತಲೆಗೆ ಹತ್ತಲ್ಲ. ನೀವೆಲ್ಲ ಹೇಗೆ ಕಲಿತಿರಿ? ಲ್ಯಾಬ್ ವಾರಕ್ಕೊಂದೇ ಸಲ. ಮನೆ ಸುತ್ತ ನೋಡಿದರೆ ಬರೀ ಭತ್ತದ ಗದ್ದೆ, ಕಾಲುವೆ.

ರಾಯಚೂರಿನಿಂದ, ಪಿಯು ಕಾಲೇಜಿನಲ್ಲಿ ಪಾಠ ಮಾಡಿದವಳು

ತಂಗಿ, ಬರೀ ಗದ್ದೆ, ಕಾಲುವೆ ಅಂತ ಬೇಜಾರಿನಲ್ಲಿ ಬರೆದಿದ್ದೀಯ. ನನಗೆ ಓದಿ ಹೊಟ್ಟೆಕಿಚ್ಚಾಯಿತು. ನಿನ್ನ ಸಿಲಬಸ್ಸಿನ ಅರ್ಧ ಅಲ್ಲೇ ಹರಿದಾಡುತ್ತಿದೆ.

ಮೊದಲು ಪುಸ್ತಕ ಮುಚ್ಚಿಡು. ಒಂದು ಹಾಳೆ ತಗೊಂಡು, ನಿನ್ನ ಮನೆಯಲ್ಲಿ ‘ಹುಳು’ ಅಂತ ಕರೆಯುವ ಪ್ರಾಣಿಗಳನ್ನೆಲ್ಲ ಬರಿ. ಎರೆಹುಳು, ಬಸವನಹುಳು, ಜಂತುಹುಳು, ಲಾಡಿಹುಳು, ರೇಷ್ಮೆಹುಳು, ಮಿಂಚುಹುಳು. ಈಗ ಒಂದೊಂದನ್ನೂ ಅದರ ಮನೆಗೆ ಕಳಿಸು. ಎರೆಹುಳು ಅನೆಲಿಡಾ. ಬಸವನಹುಳು ಮೊಲಸ್ಕಾ. ಜಂತುಹುಳು ದುಂಡುಹುಳುಗಳ ಗುಂಪು, ನಿನ್ನ ಪುಸ್ತಕದಲ್ಲಿ ಅಸ್ಕೆಲ್ಮಿಂಥಿಸ್ ಅಂತಿರಬಹುದು. ಲಾಡಿಹುಳು ಪ್ಲಾಟಿಹೆಲ್ಮಿಂಥಿಸ್. ಕೊನೆಯ ಎರಡೂ ಕೀಟಗಳು, ಆರ್ತ್ರೋಪೋಡಾ. ಆರು ಹೆಸರು, ಐದು ವಂಶ (ಫೈಲಮ್). ನಮ್ಮ ಭಾಷೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದೆ. ನಿನ್ನ ತಲೆಯಲ್ಲಿ ಗೊಂದಲ ಆಗ್ತಿರೋದೂ ಅಲ್ಲೇ.

ಇದಕ್ಕೆ ನಾಚಿಕೆ ಬೇಡ. ಜೀವಿಗಳ ವರ್ಗೀಕರಣಕ್ಕೆ ತಳಹದಿ ಹಾಕಿದ ಲಿನೇಯಸ್‌ನಂಥ ಲಿನೇಯಸ್ಸೇ 1758ರಲ್ಲಿ ಪ್ರಾಣಿಗಳನ್ನು ಆರು ಗುಂಪು ಮಾಡಿದಾಗ, ಕೀಟಗಳನ್ನು ಬಿಟ್ಟು ಬೆನ್ನುಮೂಳೆ ಇಲ್ಲದ ಹೆಚ್ಚುಕಡಿಮೆ ಎಲ್ಲವನ್ನೂ ‘ವರ್ಮಿಸ್’ ಅಂದುಬಿಟ್ಟ. ಹಾಗಂದರೆ ಹುಳುಗಳು ಅಂತಲೇ ಅರ್ಥ. ಬಸವನಹುಳು, ನಕ್ಷತ್ರಮೀನು, ಎರೆಹುಳು ಎಲ್ಲ ಅದರೊಳಗೆ. ಆ ಚೀಲ ಬಿಚ್ಚಿ ಬೇರೆ ಬೇರೆ ಮಾಡುವ ಕೆಲಸಕ್ಕೆ ದೊಡ್ಡ ಮಟ್ಟದಲ್ಲಿ ಕೈ ಹಾಕಿದವನು ಲಾಮಾರ್ಕ್. 1801ರ ಅವನ ಪುಸ್ತಕದ ಹೆಸರಲ್ಲೇ ಬೆನ್ನುಮೂಳೆ ಇಲ್ಲದ ಪ್ರಾಣಿಗಳು ಅಂತಿದೆ.

ಬೇರೆ ಮಾಡೋದು ಹೇಗೆ? ಕೈಯಲ್ಲಿ ಹಿಡಿದು ನೋಡಬೇಕು. ಒಂದು ಎರೆಹುಳು ತಂದು ಒಣ ಪೇಪರ್ ಮೇಲೆ ಬಿಡು. ಫ್ಯಾನ್ ಆರಿಸಿ ಕಿವಿ ಹತ್ತಿರ ಇಡು. ಸಣ್ಣಗೆ ಕರಕರ ಅನ್ನುತ್ತೆ. ಅದು ಮೈಯ ಸೀಟೆಗಳು, ಅಂದರೆ ಗಡುಸಾದ ಸಣ್ಣ ಬಿರುಗೂದಲು, ಪೇಪರ್ ಕೆರೆಯುವ ಸದ್ದು. ಪುಸ್ತಕದಲ್ಲಿ ಸೀಟೆ ಅಂತ ಓದಿದ್ದನ್ನು ಮರೆಯಬಹುದು, ಕಿವಿಗೆ ಬಿದ್ದದ್ದನ್ನು ಮರೆಯಲ್ಲ. ಪಕ್ಕದಲ್ಲಿ ಗದ್ದೆಯ ಜಿಗಣೆ ಇಟ್ಟು ನೋಡು. ಅದಕ್ಕೂ ಉಂಗುರ ಉಂಗುರ ಮೈ, ಆದರೆ ಸೀಟೆ ಇಲ್ಲ. ಎರಡು ತುದಿಗೂ ಹೀರುಬಟ್ಟಲು. ಒಂದೇ ವಂಶದ ಎರಡು ಮನೆ.

ಇನ್ನು ಸೀಲೋಮ್, ಅಂದರೆ ಮೈಗೋಡೆಗೂ ಕರುಳಿಗೂ ನಡುವಿನ ಸಂದು. ಅಲ್ಲೇ ಹುಡುಗರು ಜಾಸ್ತಿ ಎಡವುತ್ತಾರೆ. ನಾನು ತರಗತಿಗೆ ಎರಡು ಪೈಪ್ ಒಯ್ಯುತ್ತಿದ್ದೆ, ದಪ್ಪದ್ದರೊಳಗೆ ಒಂದು ಸಣ್ಣದು. ಹೊರಗಿನದು ಮೈಗೋಡೆ, ಒಳಗಿನದು ಕರುಳು. ನಡುವಿನ ಸಂದನ್ನು ಪೂರ್ತಿ ಮಣ್ಣಿನಿಂದ ತುಂಬಿದರೆ ಲಾಡಿಹುಳು: ಸಂದೇ ಇಲ್ಲ. (ಲಾಡಿಹುಳುವಿಗೆ ಕರುಳೂ ಇಲ್ಲ ಅಂತ ಯಾರಾದರೂ ತಕರಾರು ತೆಗೆಯುತ್ತಿದ್ದರು, ಸರಿಯೇ. ಆಮೇಲಿಂದ ಲಾಡಿಹುಳು ಬದಲು ಪ್ಲನೇರಿಯಾ (ಕರುಳಿರುವ ಚಪ್ಪಟೆಹುಳು) ಅನ್ನತೊಡಗಿದೆ.) ಸಂದು ಇದ್ದು, ಹೊರಗಿನ ಪೈಪಿಗೆ ಮಾತ್ರ ಒಳಗಡೆ ಬಟ್ಟೆ ಅಂಟಿಸಿದ್ದರೆ ಜಂತುಹುಳು, ಅಂದರೆ ಸ್ಯೂಡೋಸೀಲೋಮ್. ಒಳಗಿನ ಪೈಪಿಗೂ ಬಟ್ಟೆ ಸುತ್ತಿದ್ದರೆ ಎರೆಹುಳು, ಅದು ನಿಜವಾದ ಸೀಲೋಮ್. ಬಟ್ಟೆ ಅಂದರೆ ಮೀಸೋಡರ್ಮ್, ಭ್ರೂಣದ ನಡುಪದರದಿಂದ ಬಂದದ್ದು. ಅಷ್ಟೇ.

ಸಿರುಗುಪ್ಪ ಕಡೆಯಿಂದ, ಮೆಣಸಿನಕಾಯಿ ಬೆಳೆಗಾರ

ಅಕ್ಕೋರು ಹೇಳಿದ್ದು ಖರೆ. ನಾನು ಬಿ.ಎಸ್ಸಿ ಎರಡನೇ ವರ್ಷಕ್ಕೇ ಬಿಟ್ಟವನು. ಆರ್ತ್ರೋಪೋಡಾ ಪಾಠ ಕೊನೆಗೂ ಕಲಿತದ್ದು ಹೊಲದಲ್ಲಿ, ದುಡ್ಡು ಕಳಕೊಂಡು.

ಒಂದು ವರ್ಷ ಗಿಡದ ಸುಳಿ ಮುಟುರಿತು. ಅಂಗಡಿಯಲ್ಲಿ ಕೇಳಿದೆ, ಥ್ರಿಪ್ಸ್ ಔಷಧಿ ಕೊಟ್ಟರು. ಎರಡು ಸಲ ಹೊಡೆದರೂ ಜಗ್ಗಲಿಲ್ಲ. ಆಮೇಲೆ ಪರಿಚಯದ ಕೃಷಿ ಅಧಿಕಾರಿಯೊಬ್ಬರು ಬಂದು ಎಲೆ ಕಿತ್ತು ಅಂಗೈ ಮೇಲೆ ಇಟ್ಟರು. ‘ಅಂಚು ಯಾವ ಕಡೆ ಮಡಚಿದೆ ನೋಡು’ ಅಂದರು. ಕೆಳಗೆ ಮಡಚಿತ್ತು, ಬೋರಲು ಹಾಕಿದ ದೋಣಿ ಹಾಗೆ. ಥ್ರಿಪ್ಸ್ ಆದರೆ ಅಂಚು ಮೇಲಕ್ಕೆ ಮಡಚುತ್ತೆ. ಕೆಳಕ್ಕೆ ಮಡಚಿದರೆ ನುಸಿ (ಮೈಟ್). ಲೆನ್ಸ್ ಹಿಡಿದರೆ ಕಂಡದ್ದು ಮಿಣಿಮಿಣಿ ಚುಕ್ಕಿಗಳು, ರೆಕ್ಕೆ ಗಿಕ್ಕೆ ಏನಿಲ್ಲ.

ಥ್ರಿಪ್ಸ್ ಕೀಟ, ಆರು ಕಾಲು. ನುಸಿ ಕೀಟವೇ ಅಲ್ಲ, ಚೇಳು ಜೇಡರ ಬಳಗ, ಎಂಟು ಕಾಲು. ಕೀಟಕ್ಕೆ ಅಂತ ಮಾಡಿದ ಔಷಧಿ ಎಷ್ಟೋ ಸಲ ನುಸಿಗೆ ನಾಟಲ್ಲ. ಅದಕ್ಕೆ ನುಸಿನಾಶಕ ಅಂತ ಬೇರೆಯೇ ಇದೆ. ವರ್ಗೀಕರಣ ಪರೀಕ್ಷೆಗೆ ಮಾತ್ರ ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸು, ಬಿಲ್ ತೋರಿಸ್ತೀನಿ.

ಇನ್ನೊಂದು. ಮಿರಗದ ಮಳೆ ಬಿದ್ದಾಗ ಹೊಲದಲ್ಲಿ ಕೆಂಪು ಮಖಮಲ್ ತುಂಡಿನಂಥ ಹುಳು ಹರಿದಾಡುತ್ತಲ್ಲ, ಅದನ್ನು ಹಿಡಿದು ಕಾಲು ಎಣಿಸು. ಎಂಟು. ಅದೂ ನುಸಿಯ ಜಾತಿಯೇ.

ಕುಷ್ಟಗಿಯಿಂದ, ಆರೋಗ್ಯ ಇಲಾಖೆಯಿಂದ ನಿವೃತ್ತ

ತಂಗೀ, ನಿನ್ನ ಅಜ್ಜ ಅಜ್ಜಿ ಇದ್ದರೆ ‘ನಾರುಹುಣ್ಣು’ ಅಂದರೆ ಏನು ಅಂತ ಕೇಳಿ ನೋಡು. ಆಗಿನ ರಾಯಚೂರು ಜಿಲ್ಲೆಯಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಲಿನಲ್ಲಿ ಬೊಬ್ಬೆ ಏಳುತ್ತೆ. ಉರಿ ತಾಳದೆ ಮನುಷ್ಯ ಮೆಟ್ಟಿಲುಬಾವಿಗೆ ಇಳಿದು ಕಾಲು ನೀರಿಗೆ ಇಡುತ್ತಾನೆ. ಬೊಬ್ಬೆ ಒಡೆದು ಬಿಳೀ ದಾರದಂಥ ಹುಳು ತಲೆ ಹಾಕುತ್ತೆ. ಹೆಣ್ಣು ಹುಳು ಹತ್ತಿರ ಹತ್ತಿರ 1 ಮೀಟರ್ ಉದ್ದ. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ಅವಸರ ಮಾಡಿ ಕಡಿದರೆ ಕಾಲು ಬಾತು ಕೀವು.

ನಿನ್ನ ಪಾಠಕ್ಕೆ ಬೇಕಾದದ್ದು ಇಲ್ಲಿದೆ. ಹುಳು ನೀರಿಗೆ ಬಿಟ್ಟ ಮರಿಗಳನ್ನು ನುಂಗುವುದು ಸೈಕ್ಲಾಪ್ಸ್. ಅದು ಆರ್ತ್ರೋಪೋಡಾ, ಸೀಗಡಿ ಏಡಿಗಳ ಕಡೆಯ ಚೂರು ಪ್ರಾಣಿ. ಆ ನೀರು ಕುಡಿದವರ ಹೊಟ್ಟೆಗೆ ಸೈಕ್ಲಾಪ್ಸ್ ಹೋಗುತ್ತೆ, ಒಳಗಿನ ಮರಿ ಸುಮಾರು ಒಂದು ವರ್ಷಕ್ಕೆ ಬೆಳೆದು ಕಾಲಿನಲ್ಲಿ ಹೊರಬರುತ್ತೆ. ಹುಳು ನೆಮಟೋಡ್ (ದುಂಡುಹುಳು), ಅದರ ಗಾಡಿ ಕ್ರಸ್ಟೇಷಿಯನ್. ನಾವು ಮಾಡಿದ ಕೆಲಸ ಬಹಳ ಸರಳ: ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಅಂತ ಮನೆಮನೆಗೆ ಹೇಳಿದ್ದು, ಮೆಟ್ಟಿಲುಬಾವಿಗೆ ಜನ ಇಳಿಯದ ಹಾಗೆ ನೋಡಿಕೊಂಡದ್ದು. ಮರಿಹುಳು ಕಣ್ಣಿಗೆ ಸಿಗದಿದ್ದರೂ ಗಾಡಿ ಬಟ್ಟೆಯಲ್ಲಿ ಸಿಕ್ಕಿಬೀಳುತ್ತಿತ್ತು. ದೇಶದ ಕೊನೆಯ ರೋಗಿ 1996ರಲ್ಲಿ. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಸರ್ಟಿಫಿಕೇಟ್ ಕೊಟ್ಟಿತು.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಎರೆಹುಳುವಿನ ಸದ್ದು ಕೇಳಿಸಿತು! ತಮ್ಮ ಹತ್ತು ಸಲ ಕೇಳಿದ, ಅಮ್ಮ ಬೈದರು. ಅಕಶೇರುಕ ಒಂದು ಹದಕ್ಕೆ ಬರ್ತಿದೆ. ಆದರೆ ನೋಟೋಕಾರ್ಡ್ ಅಂದ್ರೆ ಬೆನ್ನುಹುರಿ ತಾನೇ? ಹಾಗಾದರೆ ಬೆನ್ನುಮೂಳೆ ಇಲ್ಲದ ಕಾರ್ಡೇಟಾ ಅಂದ್ರೆ ಏನು?

ಬಳ್ಳಾರಿಯಿಂದ, ಎಂ.ಎಸ್ಸಿ ವಿದ್ಯಾರ್ಥಿ

ಅಲ್ಲೇ ಮುಳ್ಳು ಚುಚ್ಚಿರೋದು ನೋಡಿ. ನಾನೂ ಕನ್ನಡ ಮಾಧ್ಯಮ, ನಾನೂ ಎರಡು ವರ್ಷ ಇದನ್ನೇ ತಪ್ಪು ತಿಳಿದಿದ್ದೆ. ಮೂರು ಬೇರೆ ಬೇರೆ ವಸ್ತುಗಳಿವೆ. ಬೆನ್ನುಹುರಿ ನರದ್ದು. ಬೆನ್ನುಮೂಳೆ ಎಲುಬಿನದ್ದು. ನೋಟೋಕಾರ್ಡ್ ಎರಡೂ ಅಲ್ಲ. ಅದು ನರದ ಕೊಳವೆಯ ಕೆಳಗೆ, ಕರುಳಿನ ಮೇಲೆ ಇರುವ ಬಿಗಿಯಾದ, ಆದರೆ ಬಾಗುವ ಸರಳು. ನಮ್ಮಲ್ಲೂ ಭ್ರೂಣದಲ್ಲಿ ಇರುತ್ತೆ. ಆಮೇಲೆ ಆ ಜಾಗದಲ್ಲಿ ಬೆನ್ನುಮೂಳೆ ಬೆಳೆಯುತ್ತೆ. ಚೂರು ಉಳಿಯುವುದು ಎರಡು ಮೂಳೆಗಳ ನಡುವಿನ ಡಿಸ್ಕಿನ ಮೆತ್ತನೆ ತಿರುಳಾಗಿ. ಮನೆಯಲ್ಲಿ ಯಾರಿಗಾದರೂ ಡಿಸ್ಕ್ ಜಾರಿದೆ ಅಂದರೆ ಆ ತಿರುಳಿನ ಕಥೆಯೇ.

ಕಾರ್ಡೇಟಾಕ್ಕೆ ಗುರುತು: ನೋಟೋಕಾರ್ಡ್, ಬೆನ್ನ ಕಡೆ ಟೊಳ್ಳಾದ ನರಕೊಳವೆ, ಗಂಟಲಿನಲ್ಲಿ ಕಿವಿರು ಸೀಳು, ಗುದದಿಂದ ಹಿಂದಕ್ಕೂ ಚಾಚಿದ ಬಾಲ. ಜಿರಳೆ, ಎರೆಹುಳುವಿನ ನರಹುರಿ ಹೊಟ್ಟೆ ಕಡೆ, ಅದೂ ಗಟ್ಟಿ. ಈ ಒಂದು ವ್ಯತ್ಯಾಸ ನೆನಪಿದ್ದರೆ ಅರ್ಧ ಗೆದ್ದ ಹಾಗೆ.

ಯೂರೋಕಾರ್ಡೇಟಾ ನನಗೆ ಅರ್ಥವಾದದ್ದು ಕಾರವಾರಕ್ಕೆ ಟೂರ್ ಹೋದಾಗ. ಜೆಟ್ಟಿಯ ಕಂಬಕ್ಕೆ ತೊಗಲಿನ ಚೀಲದಂಥದ್ದು ಅಂಟಿತ್ತು. ಸರ್ ‘ಒತ್ತು’ ಅಂದರು. ಒತ್ತಿದೆ, ಪಿಚಕಾರಿ ಹಾಗೆ ನೀರು ಮುಖಕ್ಕೆ ಹಾರಿತು. ‘ಇದು ನಿನ್ನ ನೆಂಟ’ ಅಂದರು. ಅಸಿಡಿಯನ್. ಮರಿ ಇದ್ದಾಗ ಗೊದಮೊಟ್ಟೆ ಹಾಗೆ ಈಜುತ್ತೆ, ಬಾಲದಲ್ಲಿ ನೋಟೋಕಾರ್ಡ್ ಇರುತ್ತೆ. ಆಮೇಲೆ ತಲೆಯನ್ನು ಬಂಡೆಗೆ ಅಂಟಿಸಿ, ಬಾಲವನ್ನೂ ನೋಟೋಕಾರ್ಡನ್ನೂ ತಾನೇ ಕರಗಿಸಿಕೊಂಡು ಚೀಲವಾಗಿ ಕೂತುಬಿಡುತ್ತೆ. ದೊಡ್ಡದನ್ನು ನೋಡಿ ಮೊಲಸ್ಕಾ ಬಳಗ ಅಂದುಕೊಂಡಿದ್ದರು. 1866ರಲ್ಲಿ ಕೊವಾಲೆವ್‌ಸ್ಕಿ ಅನ್ನುವ ವಿಜ್ಞಾನಿ ಮರಿಯನ್ನು ನೋಡಿದ ಮೇಲೆ ಗುಟ್ಟು ರಟ್ಟಾಯಿತು.

ಆಂಫಿಆಕ್ಸಸ್ ಅನ್ನುವ ಸಣ್ಣ ಕಡಲಪ್ರಾಣಿಯ ಕಥೆಯೂ ಹಾಗೇ. 1774ರಲ್ಲಿ ಪಲ್ಲಾಸ್ ಅನ್ನುವ ವಿಜ್ಞಾನಿ ಅದನ್ನು ಚಿಪ್ಪಿಲ್ಲದ ಬಸವನಹುಳು ಅಂತ ಹೆಸರಿಟ್ಟ. ಅಕ್ಕೋರು ಹೇಳಿದ ಹುಳುಚೀಲಕ್ಕೆ ಇದೂ ಬಿದ್ದಿತ್ತು ನೋಡಿ. ಅದರ ನೋಟೋಕಾರ್ಡ್ ತಲೆಯಿಂದ ಬಾಲದವರೆಗೆ, ಸಾಯೋತನಕ ಇರುತ್ತೆ. ಅದಕ್ಕೇ ಸೆಫಲೋಕಾರ್ಡೇಟಾ (ಸೆಫಲೋ ಅಂದರೆ ತಲೆ). ನೋಡೋಕೆ ಸಣ್ಣ ಮೀನಿನ ಹಾಗೆ ಇರೋದರಿಂದ ನಮಗೆ ಹತ್ತಿರದ ನೆಂಟ ಅದೇ ಅಂತ ಬಹಳ ಕಾಲ ನಂಬಿದ್ದರು. 2006ರಲ್ಲಿ ಜೀನ್‌ಗಳನ್ನು ಹೋಲಿಸಿದಾಗ ಹತ್ತಿರದ್ದು ಆ ತೊಗಲಿನ ಚೀಲವೇ ಅಂತ ಗೊತ್ತಾಯಿತು.

ಬಳ್ಳಾರಿಯಿಂದಲೇ, ನೀಟ್ ಕೋಚಿಂಗ್‌ನಲ್ಲಿ ಪಾಠ ಮಾಡುವವನು

ತಮ್ಮಾ, 2006ರದ್ದನ್ನೆಲ್ಲ ಆ ಹುಡುಗಿ ಉತ್ತರಪತ್ರಿಕೆಯಲ್ಲಿ ಬರೆದರೆ ಮಾರ್ಕ್ಸ್ ನೀನು ಕೊಡ್ತೀಯಾ? ಪುಸ್ತಕದಲ್ಲಿ ಇದ್ದಂತೆ ಬರೀಬೇಕಮ್ಮ. ಹೆಮಿಕಾರ್ಡೇಟಾ ಮೊದಲು ಕಾರ್ಡೇಟಾದ ಉಪವಂಶ ಆಗಿತ್ತು, ಈಗ ನಾನ್‌ಕಾರ್ಡೇಟಾದಲ್ಲಿ ಪ್ರತ್ಯೇಕ ವಂಶ. ಬಾಲನೋಗ್ಲಾಸಸ್ ಉದಾಹರಣೆ; ಸೊಂಡಿಲು, ಕೊರಳಪಟ್ಟಿ, ಮುಂಡ ಅನ್ನುವ ಮೂರು ಭಾಗ. ಅದರ ಸ್ಟೋಮೋಕಾರ್ಡ್ (ನೋಟೋಕಾರ್ಡಿನ ಹಾಗೆ ಕಾಣುವ ಒಂದು ಭಾಗ) ನೋಟೋಕಾರ್ಡ್ ಅಲ್ಲ. ಇಷ್ಟು ಸಾಕು.

ನಾನು ಹೇಳಿಕೊಡುವ ಒಂದು ಉಪಾಯ. ತುಂಗಭದ್ರೆಯಲ್ಲಿ ಜನ್ಮದಲ್ಲಿ ಸಿಗದವು ಯಾವುವು ಅಂತ ಪಟ್ಟಿ ಮಾಡು. ಟೀನೋಫೋರಾ (ಕೋಂಬ್ ಜೆಲ್ಲಿಗಳು), ಎಕೈನೋಡರ್ಮೇಟಾ, ಹೆಮಿಕಾರ್ಡೇಟಾ, ಯೂರೋಕಾರ್ಡೇಟಾ, ಸೆಫಲೋಕಾರ್ಡೇಟಾ. ಐದೂ ಕಡಲಿಗೇ ಮೀಸಲು. ಸ್ಪಂಜುಗಳಲ್ಲಿ (ಪೊರಿಫೆರಾ) ಕೆಲವಕ್ಕೆ ಸಿಹಿನೀರೂ ಆಗುತ್ತೆ, ನೈಡೇರಿಯಾದ ಹೈಡ್ರಾ ಇರೋದೇ ಸಿಹಿನೀರಿನಲ್ಲಿ. ಆಮೇಲೆ ‘ಫಿಶ್’ ಮೋಸ: ಸ್ಟಾರ್‌ಫಿಶ್ ಕಂಟಕಚರ್ಮಿ (ಎಕೈನೋಡರ್ಮೇಟಾ), ಜೆಲ್ಲಿಫಿಶ್ ಕುಟುಕುಕಣವಂತ (ನೈಡೇರಿಯಾ), ಕಟ್ಲ್‌ಫಿಶ್ ಮೃದ್ವಂಗಿ (ಮೊಲಸ್ಕಾ), ಸಿಲ್ವರ್‌ಫಿಶ್ ಕೀಟ. ಒಂದೂ ಮೀನಲ್ಲ. ಇದು ಪರೀಕ್ಷೆಯಲ್ಲಿ ಬಂದೇ ಬರುತ್ತೆ.

ರಾಯಚೂರಿನ ಅದೇ ಅಕ್ಕ

ಸರ್ ಹೇಳಿದ್ದು ಸರಿ, ಪರೀಕ್ಷೆಗೆ ಪುಸ್ತಕ. ಆದರೂ ಒಂದು ಮಾತು. ತಲೆಯೇ ಇಲ್ಲದ ಸ್ಟಾರ್‌ಫಿಶ್ ಯಾಕೆ ಕಾರ್ಡೇಟಾದ ಪಕ್ಕ ಕೂತಿದೆ ಅಂತ ಯಾರೂ ಹೇಳಲಿಲ್ಲ. ದೊಡ್ಡದನ್ನು ನೋಡಿದರೆ ಗೊತ್ತಾಗಲ್ಲ, ಭ್ರೂಣ ನೋಡಬೇಕು. ಭ್ರೂಣದಲ್ಲಿ ಮೊದಲು ಮೂಡುವ ತೂತು ಅದರಲ್ಲೂ ನಮ್ಮಲ್ಲೂ ಗುದವಾಗುತ್ತೆ, ಬಾಯಿ ಆಮೇಲೆ. ಅದರ ಮರಿಗೂ ನಮ್ಮ ಹಾಗೆ ಎಡ ಬಲ ಇದೆ. ಐದು ಕೈ ಬರುವುದು ಬೆಳೆದ ಮೇಲೆ.

ಭಾನುವಾರ ಕಾಲುವೆಯಿಂದ ಸ್ವಲ್ಪ ಜೊಂಡು, ನೀರು ಗಾಜಿನ ಬಾಟಲಿಗೆ ಹಾಕಿ ಕಿಟಕಿ ಹತ್ತಿರ ಇಡು. ಒಂದು ದಿನ ಅಲುಗಾಡಿಸಬೇಡ.

ಪ್ರಶ್ನೆ ಕೇಳಿದವಳು

ಅಕ್ಕಾ, ಇಟ್ಟಿದ್ದೆ. ಗಾಜಿಗೆ ಎರಡು ದಾರದ ಎಳೆ ಅಂಟಿದ್ದವು. ಕಡ್ಡಿ ಮುಟ್ಟಿಸಿದೆ, ಮುದುಡಿ ಚುಕ್ಕಿ ಆಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೈ ಚಾಚಿತು. ಹೈಡ್ರಾ ಅಲ್ವಾ? ಇನ್ನೊಂದು ಕಂದು ಬಣ್ಣದ್ದು, ಚಪ್ಪಟೆ, ಗಾಜಿನ ಮೇಲೆ ಜಾರುತ್ತೆ. ತಲೆ ಬಾಣದ ಹಾಗೆ, ಎರಡು ಕಣ್ಣು ಓರೆಗಣ್ಣಿನಂತಿವೆ. ಅಜ್ಜಿ ಜಿಗಣೆ ಅಂತಾರೆ.

ರಾಯಚೂರಿನ ಅದೇ ಅಕ್ಕ

ಹೈಡ್ರಾನೇ. ಕಂದು ಬಣ್ಣದ್ದು ಪ್ಲನೇರಿಯಾ, ಪ್ಲಾಟಿಹೆಲ್ಮಿಂಥಿಸ್. ಮೈಮೇಲೆ ಉಂಗುರ ಇದೆಯಾ ಅಂತ ಅಜ್ಜಿಗೆ ಲೆನ್ಸ್ ಕೊಟ್ಟು ತೋರಿಸು. ಚಿತ್ರ ಬರೆದಾದ ಮೇಲೆ ಬಾಟಲಿ ನೀರನ್ನು ಅದೇ ಕಾಲುವೆಗೆ ಸುರಿ, ಮನೆ ತೊಟ್ಟಿಗೆ ಬೇಡ.