ಬೆಂಗಳೂರಿನ ಕಾಫಿ ಸಮ್ಮೇಳನಕ್ಕೆ ಹೋಗುವ ಸಣ್ಣ ಬೆಳೆಗಾರ ಯಾರನ್ನು ಕಾಣಬೇಕು, ಏನು ಒಯ್ಯಬೇಕು?

ಪ್ರಶ್ನೆ: ಸುಂಟಿಕೊಪ್ಪ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ಒಂದೇ ತುಂಡಿನ 12 ಎಕರೆ ತೋಟ, ಎತ್ತರ ಸುಮಾರು 950 ಮೀಟರ್. ಹೆಚ್ಚಿನ ಪಾಲು ಎಸ್.274 ತಳಿಯ ರೊಬಸ್ಟಾ, ಸ್ವಲ್ಪ ಅರೇಬಿಕಾ, ನೆರಳಿನ ಮರಗಳಿಗೆ ಕರಿಮೆಣಸು. ಚೆರ್ರಿಯನ್ನು (ಇಡೀ ಕಾಫಿ ಹಣ್ಣನ್ನು) ಕಣದಲ್ಲಿ ಒಣಗಿಸಿ ಓಟಿ (ಒಂದು ಚೀಲದಿಂದ ಸಿಗುವ ಕಾಳಿನ ತೂಕ) ಲೆಕ್ಕದಲ್ಲಿ ಊರಿನ ವ್ಯಾಪಾರಿಗೆ ಕೊಡುವುದು ರೂಢಿ. ಈ ಸಲ ಹಣ್ಣನ್ನು ಮಾತ್ರ ಆರಿಸಿ ಕೊಯ್ದು, ಪಲ್ಪ್ ಮಾಡಿ (ಹಣ್ಣಿನ ಹೊರಸಿಪ್ಪೆ ತೆಗೆದು), 50 ಕೆಜಿಯ 40 ಚೀಲ ರೊಬಸ್ಟಾ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಒಣ ಕಾಳು) ಬೇರೆಯಾಗಿ ಇಟ್ಟಿದ್ದೇವೆ. ಅದನ್ನು ನೇರವಾಗಿ ಕಾಫಿ ಹುರಿದು ಮಾರುವ ರೋಸ್ಟರ್‌ಗಳಿಗೆ ಕೊಡಬೇಕೆಂಬ ಆಸೆ.

ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಾಫಿ ಸಮ್ಮೇಳನ ಇದೆ. ಪೂರ್ತಿ ಡೆಲಿಗೇಟ್ ಪಾಸ್ ದುಬಾರಿ, ಮಳಿಗೆಗಳಿಗಷ್ಟೇ ಪ್ರವೇಶ ಇರುವ ಪಾಸ್ ಅಗ್ಗ. ಯಾವುದು ತೆಗೆದುಕೊಳ್ಳುವುದು? ಅಷ್ಟು ಜನರ ನಡುವೆ ಯಾರನ್ನು ಹಿಡಿದು ಮಾತಾಡುವುದು? ಸ್ಯಾಂಪಲ್ ಎಷ್ಟು ಒಯ್ಯಬೇಕು, ಬಂದ ಮೇಲೆ ಸಂಪರ್ಕ ಉಳಿಸಿಕೊಳ್ಳುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಉತ್ತರ: ಕುಶಾಲನಗರ ಕ್ಯೂರಿಂಗ್

ಪಾಸ್ ವಿಚಾರ ಮೊದಲು ಮುಗಿಸೋಣ. ನಿಮ್ಮ ಉದ್ದೇಶ ಕೊಳ್ಳುವವರನ್ನು ಕಾಣುವುದಾದರೆ ಮಳಿಗೆ ಪಾಸ್ ಸಾಕು. ಕಪ್ಪಿಂಗ್ (ಕಾಫಿ ರುಚಿ ಪರೀಕ್ಷೆ) ಕೋಣೆಗೂ ಬೆಳೆಗಾರ-ಖರೀದಿದಾರರ ಮುಖಾಮುಖಿ ಭೇಟಿಗೂ ಬೇರೆ ನೋಂದಣಿ ಇದೆಯೇ ಎಂದು ಸಂಘಟಕರಿಗೆ ಫೋನ್ ಮಾಡಿ ಕೇಳಿ. ಇದ್ದರೆ ದುಡ್ಡು ಅಲ್ಲಿ ಹಾಕಿ. ಭಾಷಣಗಳ ಸಾರ ಆಮೇಲೂ ಸಿಗುತ್ತದೆ, ಕಪ್ಪಿಂಗ್ ಮೇಜಿನ ಪಕ್ಕದ ಜಾಗ ಆಮೇಲೆ ಸಿಗುವುದಿಲ್ಲ.

ಯಾರನ್ನು ಕಾಣಬೇಕು ಎಂಬುದನ್ನು ನಿಮ್ಮ ಮಾಲಿನ ಪ್ರಮಾಣವೇ ಹೇಳುತ್ತದೆ. 2,000 ಕೆಜಿ ಪಾರ್ಚ್‌ಮೆಂಟ್ ಹಲ್ಲಿಂಗ್ ಆದರೆ (ಒಳಸಿಪ್ಪೆ ತೆಗೆದರೆ) ಸುಮಾರು 1,600 ಕೆಜಿ ಕ್ಲೀನ್ ಕಾಫಿ. 20 ಅಡಿಯ ಒಂದು ಕಂಟೇನರ್‌ಗೆ 60 ಕೆಜಿಯ 320 ಚೀಲ, ಅಂದರೆ 19.2 ಟನ್ ಬೇಕು. ನಿಮ್ಮ ಮಾಲು ಅದರ ಹನ್ನೆರಡನೇ ಒಂದು ಪಾಲು. ಹಾಗಾಗಿ ದೊಡ್ಡ ರಫ್ತುದಾರರ ಮಳಿಗೆಯಲ್ಲಿ ಎಷ್ಟೇ ಹೊತ್ತು ನಿಂತರೂ ಅವರಿಗೆ ನಿಮ್ಮಿಂದ ಆಗುವ ಕೆಲಸ ಕಡಿಮೆ, ಅದು ಅವರ ತಪ್ಪಲ್ಲ. ನಿಮಗೆ ಬೇಕಾದವರು ಒಂದು ಸಲಕ್ಕೆ ಎರಡು ಚೀಲದಿಂದ ಹತ್ತು ಚೀಲದವರೆಗೆ ತೆಗೆದುಕೊಳ್ಳುವ ರೋಸ್ಟರ್‌ಗಳು, ಮತ್ತು ಸಣ್ಣ ಲಾಟ್‌ಗಳನ್ನು ಒಟ್ಟುಗೂಡಿಸಿ ಕಳಿಸುವ ಒಬ್ಬಿಬ್ಬರು ರಫ್ತುದಾರರು.

ಬಹಳ ಜನ ಮರೆಯುವ ಇನ್ನೊಬ್ಬರಿದ್ದಾರೆ. ನಿಮ್ಮ 40 ಚೀಲವನ್ನು ಬೇರೆಯವರ ಮಾಲಿನೊಂದಿಗೆ ಬೆರೆಸದೆ, ಯಂತ್ರ ಖಾಲಿ ಮಾಡಿ ಪ್ರತ್ಯೇಕವಾಗಿ ಓಡಿಸಿಕೊಡುವ, ಸಿಪ್ಪೆ ತೆಗೆದು ಗ್ರೇಡ್ ಮಾಡುವ ಕ್ಯೂರಿಂಗ್ ವರ್ಕ್ಸ್‌ನವರು. ಕುಶಾಲನಗರದ ಹತ್ತಿರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲೇ ವಿಚಾರಿಸಬಹುದು, ಆದರೆ ಸಮ್ಮೇಳನದಲ್ಲಿ ಮಾಲೀಕರೇ ಸಿಗುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ‘ಕನಿಷ್ಠ ಎಷ್ಟು ಚೀಲಕ್ಕೆ ಬೇರೆಯಾಗಿ ಓಡಿಸುತ್ತೀರಿ?’ ಈ ಉತ್ತರ ಕೈಯಲ್ಲಿಲ್ಲದೆ ರೋಸ್ಟರ್‌ಗೆ ಮಾತು ಕೊಡಬೇಡಿ.

ಒಟ್ಟು ಎಂಟು ಹತ್ತು ಹೆಸರು ಸಾಕು. ಎರಡು ಮೂರು ವಾರ ಮೊದಲೇ ಒಂದು ಚಿಕ್ಕ ಸಂದೇಶ ಕಳಿಸಿ. ಹೀಗಿದ್ದರೆ ಸಾಕು: ‘ಉತ್ತರ ಕೊಡಗು, ಸುಂಟಿಕೊಪ್ಪ, 950 ಮೀಟರ್. ಎಸ್.274 ವಾಶ್ಡ್ ರೊಬಸ್ಟಾ, ಸುಮಾರು 1,600 ಕೆಜಿ ಕ್ಲೀನ್, ಈ ವರ್ಷದ ಫಸಲು. ಸಮ್ಮೇಳನದ ಮೊದಲ ದಿನ ಮಧ್ಯಾಹ್ನ ಹತ್ತು ನಿಮಿಷ ಸಿಗಬಹುದೇ? 350 ಗ್ರಾಂ ಸ್ಯಾಂಪಲ್ ತರುತ್ತೇನೆ.’ ತೋಟದ ಇತಿಹಾಸ, ಅಜ್ಜನ ಕಾಲದ ವಿವರ, ಇಪ್ಪತ್ತು ಫೋಟೋ ಇದರ ಜೊತೆ ಬೇಡ. ಓದುವವರಿಗೆ ಬೇಕಾದ ಪ್ರಮಾಣ ಮತ್ತು ತಿಂಗಳು ಅದರಡಿ ಮುಚ್ಚಿಹೋಗುತ್ತದೆ.

ಸಮಯದ ಸೂಕ್ಷ್ಮವೂ ಇದೆ. ಟೀ ವಿರಾಮದಲ್ಲಿ ಮಳಿಗೆಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಳಗೆ ಭಾಷಣ ನಡೆಯುವಾಗ ಖಾಲಿ ಇರುತ್ತವೆ, ಆಗ ಹೋಗಿ. ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಿರ್ಧಾರ ಮಾಡುವವರು ಊರಿಗೆ ಹೊರಟಿರುತ್ತಾರೆ, ಮಳಿಗೆಯಲ್ಲಿ ಉಳಿದ ಹುಡುಗರು ಕಾರ್ಡ್ ಮಾತ್ರ ತೆಗೆದಿಡುತ್ತಾರೆ.

ಉತ್ತರ: ಮಡಿಕೇರಿ ಕಪ್ಪಿಂಗ್

ಸ್ಯಾಂಪಲ್ ಬಗ್ಗೆ ನಾನು ಬರೆಯುತ್ತೇನೆ. ಕಾಫಿಯಲ್ಲಿ ಪರಿಚಯ ಗಟ್ಟಿಯಾಗುವುದೂ ಮುರಿಯುವುದೂ ಇದರಿಂದಲೇ.

ಪಾರ್ಚ್‌ಮೆಂಟ್ ಕೊಡಬೇಡಿ. ರೋಸ್ಟರ್ ಬಳಿ ಸಿಪ್ಪೆ ತೆಗೆಯುವ ಯಂತ್ರ ಇರುವುದು ಅಪರೂಪ, ಹಾಗೇ ಮೂಲೆಯಲ್ಲಿ ಉಳಿಯುತ್ತದೆ. ಕ್ಲೀನ್ ಬೀನ್ಸ್ ತಲಾ 350 ಗ್ರಾಂ ಕೊಡಿ. ದೋಷದ ಕಾಳು ಎಣಿಸುವುದಕ್ಕೂ ಹುರಿದು ರುಚಿ ನೋಡುವುದಕ್ಕೂ ಅಷ್ಟು ಬೇಕು. ಆರು ಜನರಿಗೆ 2.1 ಕೆಜಿ, ಮನೆಯಲ್ಲಿ ಇಟ್ಟುಕೊಳ್ಳಲು 1 ಕೆಜಿ. ಇಷ್ಟು ಸಿಗಲು 4 ಕೆಜಿ ಪಾರ್ಚ್‌ಮೆಂಟ್ ಹಲ್ ಮಾಡಿಸಿ. ಮನೆಯ ಆ 1 ಕೆಜಿ ಬಹಳ ಮುಖ್ಯ. ಆರು ವಾರ ಕಳೆದು ‘ನೀವು ಕೊಟ್ಟದ್ದು ಬೇರೆ, ಬಂದದ್ದು ಬೇರೆ’ ಎಂಬ ಮಾತು ಬಂದರೆ ಎದುರಿಗಿಟ್ಟು ನೋಡಲು ಅದೊಂದೇ ಆಧಾರ.

40 ಚೀಲದಿಂದಲೂ ತೆಗೆಯಿರಿ. ಪ್ರತಿ ಚೀಲದ ಮೇಲೆ, ನಡುವೆ, ತಳದಲ್ಲಿ ಕೊಳವೆ ಚುಚ್ಚಿ ಒಂದೊಂದು ಹಿಡಿ. ಎಲ್ಲವನ್ನೂ ಟಾರ್ಪಾಲಿನ ಮೇಲೆ ಸುರಿದು ಚೆನ್ನಾಗಿ ಬೆರೆಸಿ ಗುಂಡಗೆ ಹರಡಿ, ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡು ಭಾಗ ತೆಗೆದುಬಿಡಿ. ಬೇಕಾದ ತೂಕಕ್ಕೆ ಬರುವವರೆಗೆ ಇದನ್ನೇ ಮಾಡಿ. ಇಲ್ಲಿ ಎಲ್ಲರಿಗೂ ಬರುವ ಆಸೆ ಒಂದೇ: ಕುಳಿತು ದಪ್ಪ ಕಾಳನ್ನೇ ಆರಿಸಿ ಚಂದದ ಸ್ಯಾಂಪಲ್ ಮಾಡುವುದು. ಆ ಸ್ಯಾಂಪಲ್ ಮೆಚ್ಚಿ ಆರ್ಡರ್ ಬರುತ್ತದೆ, ಮಾಲು ಹೋಗುತ್ತದೆ, ಹೊಂದುವುದಿಲ್ಲ. ರೋಸ್ಟರ್‌ಗಳು ಒಬ್ಬರಿಗೊಬ್ಬರು ಮಾತಾಡುವವರು, ಎರಡನೇ ಅವಕಾಶ ಸಿಗುವುದಿಲ್ಲ.

ಸೆಪ್ಟೆಂಬರ್ ಅಂದಿರಿ, ಅದು ನಮ್ಮ ಜಿಲ್ಲೆಗೆ ಕಷ್ಟದ ತಿಂಗಳು. ಜೂನ್‌ನಿಂದ ಮಳೆಯ ತೇವ ಕುಡಿದ ಪಾರ್ಚ್‌ಮೆಂಟ್ ಮಾರ್ಚ್‌ನಲ್ಲಿ ಇದ್ದ ಶೇ 10ರಲ್ಲಿ ಇರುವುದಿಲ್ಲ. ಮಾಯಿಶ್ಚರ್ ಮೀಟರ್‌ನಲ್ಲಿ ಈಗ ಮತ್ತೆ ನೋಡಿ. ಶೇ 12 ದಾಟಿದ್ದರೆ ಬಿಸಿಲು ಬಿದ್ದ ದಿನ ತೆಳ್ಳಗೆ ಹರಡಿ, ಕೈಯಾಡಿಸಿ, ಸಂಜೆಯ ತಂಪು ತಾಗುವ ಮೊದಲು ತುಂಬಿ. ಚೀಲಗಳು ಹಲಗೆಯ ಮೇಲಿರಲಿ, ಗೋಡೆಯಿಂದ ದೂರ ಇರಲಿ. ಅದೇ ಗೋದಾಮಿನಲ್ಲಿ ಕರಿಮೆಣಸು, ಏಲಕ್ಕಿ, ಶುಂಠಿ, ಗೊಬ್ಬರ ಇದ್ದರೆ ಕಾಫಿ ಆ ವಾಸನೆ ಎಳೆದುಕೊಳ್ಳುತ್ತದೆ. ಹಸಿ ಕಾಳನ್ನು ಮೂಸಿದಾಗ ಗೊತ್ತಾಗದ ಮೆಣಸಿನ ಘಾಟು ಕಪ್ಪಿನಲ್ಲಿ ಎದ್ದು ಬರುತ್ತದೆ. ಕಾಳಿನ ಅಂಚು ಬಿಳುಚಿಕೊಂಡಿದ್ದರೆ ಅದನ್ನು ನೀವೇ ಮೊದಲು ಹೇಳಿ: ‘ಮಳೆಗಾಲ ಕಳೆದ ಮಾಲು, ಹೊಸ ಫಸಲು ಫೆಬ್ರವರಿಗೆ.’

ಪೊಟ್ಟಣದ ಮೇಲೆ ತೋಟದ ಹೆಸರು, ತಳಿ, ಸಂಸ್ಕರಣೆ, ಕೊಯ್ಲಿನ ತಿಂಗಳು, ತೇವಾಂಶ ಮತ್ತು ಅದನ್ನು ನೋಡಿದ ದಿನಾಂಕ, ಲಾಟ್‌ನ ಒಟ್ಟು ಕೆಜಿ, ಫೋನ್ ನಂಬರ್. ಅಳಿಯದ ಮಾರ್ಕರ್‌ನಲ್ಲಿ ಬರೆಯಿರಿ. ಕಾರ್ಡ್ ಬೇರೆಯಾಗಿ ಕೊಟ್ಟರೆ ಸಂಜೆ ಹೊತ್ತಿಗೆ ಪೊಟ್ಟಣ ಒಂದು ಕಡೆ, ಕಾರ್ಡ್ ಒಂದು ಕಡೆ.

ಕಪ್ಪಿಂಗ್‌ಗೆ ಕರೆದರೆ ಸೆಂಟು, ಹೂವು, ಎಲೆ ಅಡಿಕೆ ಬೇಡ. ಸಾಮಾನ್ಯ ಪದ್ಧತಿಯಲ್ಲಿ 150 ಮಿಲಿ ನೀರಿಗೆ 8.25 ಗ್ರಾಂ ಪುಡಿ, ನಾಲ್ಕು ನಿಮಿಷಕ್ಕೆ ಮೇಲಿನ ಕೆನೆ ಒಡೆಯುತ್ತಾರೆ, ಆಮೇಲೆ ಚಮಚದಿಂದ ಜೋರಾಗಿ ಹೀರುತ್ತಾರೆ. ಎಲ್ಲರೂ ಬರೆದು ಮುಗಿಸುವವರೆಗೆ ‘ಇದು ನಮ್ಮ ತೋಟದ್ದು’ ಎನ್ನಬೇಡಿ. ಮುಗಿದ ಮೇಲೆ ‘ಎಷ್ಟು ಅಂಕ?’ ಎಂದು ಕೇಳುವುದಕ್ಕಿಂತ ‘ಮುಂದಿನ ಕೊಯ್ಲಿಗೆ ಯಾವುದೊಂದನ್ನು ಬದಲಿಸಲಿ?’ ಎಂದು ಕೇಳಿ. ಹುದುಗುವಿಕೆ ಹೆಚ್ಚಾಗಿದೆಯೋ, ಹಸಿ ಕಾಯಿ ಸೇರಿದೆಯೋ ಎಂದು ಅವರೇ ಹೇಳುತ್ತಾರೆ. ಸಲಹೆ ಕೊಟ್ಟವರಿಗೆ ಅದರ ಫಲ ನೋಡುವ ಕುತೂಹಲ ಇರುತ್ತದೆ, ಮುಂದಿನ ವರ್ಷ ನಿಮ್ಮ ಫೋನ್ ಎತ್ತುವುದು ಅದಕ್ಕೇ.

ಸುಂಟಿಕೊಪ್ಪ ಬೆಳೆಗಾರ

ಇಬ್ಬರಿಗೂ ತುಂಬಾ ಉಪಕಾರ. ಇನ್ನೆರಡು ಸಂಶಯ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಸಲೀಸಾಗಿ ಮಾತಾಡಲು ಬಾರದು. ಅಲ್ಲೇ ರೇಟ್ ಕೇಳಿದರೆ ಏನು ಹೇಳಲಿ?

ಉತ್ತರ: ಗೋಣಿಕೊಪ್ಪ ಅಕ್ಕ

ಭಾಷೆಗೆ ಹೆದರಬೇಡಿ ಅಣ್ಣ. ಕಾಫಿ ಬೋರ್ಡ್ ಅಧಿಕಾರಿಗಳು, ಕ್ಯೂರಿಂಗ್‌ನವರು, ಬೆಂಗಳೂರಿನ ಎಷ್ಟೋ ರೋಸ್ಟರ್‌ಗಳು ಕನ್ನಡದಲ್ಲೇ ಮಾತಾಡುತ್ತಾರೆ. ಉಳಿದವರಿಗೆ ತಳಿ, ಎತ್ತರ, ಕೆಜಿ, ತೇವಾಂಶ, ತಿಂಗಳು ಬರೆದ ಅರ್ಧ ಹಾಳೆ ಇಂಗ್ಲಿಷ್‌ನಲ್ಲಿ ಪ್ರಿಂಟ್ ಹಾಕಿಸಿ ಕೈಗೆ ಕೊಡಿ. ಸಂಖ್ಯೆ ಸರಿಯಿದ್ದರೆ ವ್ಯಾಕರಣ ಯಾರೂ ನೋಡುವುದಿಲ್ಲ. ಬೆಂಗಳೂರಿಗೆ ಮೊದಲು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಒಂದು ಸಲ ಹೋಗಿ ಬನ್ನಿ. ಸಮ್ಮೇಳನಕ್ಕೆ ಯಾರು ಬರುತ್ತಾರೆ ಎಂದು ಅಲ್ಲಿ ವಿಚಾರಿಸಿ. ಪರಿಚಯದ ಒಬ್ಬರು ಸಭಾಂಗಣದಲ್ಲಿದ್ದರೆ ಇನ್ನೊಬ್ಬರ ಬಳಿ ಕರೆದುಕೊಂಡು ಹೋಗಿ ಮಾತಾಡಿಸುತ್ತಾರೆ.

ರೇಟಿಗೆ ಬರುವ ಮೊದಲು ಮೇಲಿನ ಲೆಕ್ಕಕ್ಕೆ ಒಂದು ತಿದ್ದುಪಡಿ. 1,600 ಕೆಜಿ ಅಂದರೆ ಎಲ್ಲ ಗ್ರೇಡ್ ಸೇರಿ. ಎಬಿ (ದಪ್ಪ ಕಾಳು), ಪಿಬಿ (ಗುಂಡು ಕಾಳು), ಸಿ (ಸಣ್ಣ ಕಾಳು), ಒಡಕು ಎಂದು ಬೇರ್ಪಟ್ಟ ಮೇಲೆ ರೋಸ್ಟರ್‌ಗೆ ಬೇಕಾದ ಎಬಿ ಅದಕ್ಕಿಂತ ಕಡಿಮೆ. ಸಂದೇಶದಲ್ಲಿ 1,600 ಎಂದು ಬರೆದು ಆಮೇಲೆ ಕಡಿಮೆ ಕೊಟ್ಟರೆ ಮೊದಲ ಮಾತೇ ತಪ್ಪಿದಂತೆ. ಒಂದು ಚೀಲ ಗ್ರೇಡ್ ಮಾಡಿಸಿ ನೋಡಿ, ಬಂದ ಎಬಿಯನ್ನು 40ರಿಂದ ಗುಣಿಸಿ, ಸ್ವಲ್ಪ ಕೈ ಹಿಡಿದು ಬರೆಯಿರಿ. ಸ್ಯಾಂಪಲ್ ಕೂಡ ಅದೇ ಗ್ರೇಡ್‌ನದಾಗಿರಲಿ, ಅದಕ್ಕೆ ಮೇಲೆ ಹೇಳಿದ 4 ಕೆಜಿಗಿಂತ ಹೆಚ್ಚು ಹಲ್ ಮಾಡಿಸಬೇಕಾಗುತ್ತದೆ. ಗುಡ್ಡೆಯಿಂದ ಆರಿಸುವುದು ಬೇರೆ, ಜರಡಿ ಹಾಕಿ ಗ್ರೇಡ್ ಮಾಡುವುದು ಬೇರೆ.

ಊರಿನ ರೇಟ್ ಚೀಲಕ್ಕೆ, ಇಲ್ಲವೇ ಓಟಿಗೆ. ರೋಸ್ಟರ್ ಕೇಳುವುದು ಕ್ಲೀನ್ ಕೆಜಿಗೆ. 50 ಕೆಜಿ ಪಾರ್ಚ್‌ಮೆಂಟ್ ಚೀಲದ ಅಂದಿನ ರೇಟನ್ನು 40ರಿಂದ (ಅದರಿಂದ ಬರುವ ಕ್ಲೀನ್ ಕೆಜಿ) ಭಾಗಿಸಿ, ಕ್ಯೂರಿಂಗ್, ಚೀಲ, ಸಾಗಣೆ, ಹಣ್ಣು ಆರಿಸಿ ಕೊಯ್ದ ಹೆಚ್ಚಿನ ಕೂಲಿ ಸೇರಿಸಿ. ಕೆಳ ಗ್ರೇಡ್ ಕಡಿಮೆಗೆ ಹೋಗುವ ನಷ್ಟವನ್ನೂ ಎಬಿ ಮೇಲೆ ಹಂಚಿ. ಅದಕ್ಕಿಂತ ಕೆಳಗೆ ಇಳಿದರೆ ಊರಿನ ವ್ಯಾಪಾರಿಯೇ ವಾಸಿ. ಮಳಿಗೆಯಲ್ಲಿ ಕೇಳಿದರೆ ‘ಸ್ಯಾಂಪಲ್ ನೋಡಿ, ಹತ್ತು ದಿನದಲ್ಲಿ ಲಿಖಿತವಾಗಿ ಕಳಿಸುತ್ತೇನೆ’ ಅನ್ನಿ. ಗಡಿಬಿಡಿಯಲ್ಲಿ ಹೇಳಿದ ರೇಟ್‌ನಿಂದ ಹಿಂದೆ ಸರಿಯುವುದು ಕಷ್ಟ.

ಸಣ್ಣ ಲಾಟ್ ಕೂಡಿಸುವ ರಫ್ತುದಾರರು ಯುರೋಪಿಗೆ ಕಳಿಸುವವರಾದರೆ ತೋಟದ ಗಡಿ ಕೇಳುತ್ತಾರೆ. ಅಲ್ಲಿನ ಅರಣ್ಯನಾಶ ನಿಯಮದಲ್ಲಿ 4 ಹೆಕ್ಟೇರ್‌ಗಿಂತ ದೊಡ್ಡ ತುಂಡಿಗೆ ಒಂದು ಬಿಂದು ಸಾಲದು, ಸುತ್ತಲ ಗಡಿ ಗುರುತಿಸಬೇಕು. ನಿಮ್ಮ 12 ಎಕರೆ ಅಂದರೆ 4.86 ಹೆಕ್ಟೇರ್. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗವಲ್ಲ ಎಂಬುದಕ್ಕೂ ಆಧಾರ ಬೇಕು. ಆರ್‌ಟಿಸಿ ಪ್ರತಿ ಫೋನಿನಲ್ಲಿರಲಿ. ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಆಸ್ತಿಯಾಗಿ ಕುಟುಂಬದ ಹಲವರ ಹೆಸರಿದ್ದರೆ ಮಾರುವವರು ಯಾರು, ಹಣ ಯಾರ ಖಾತೆಗೆ ಎಂಬುದನ್ನು ಮನೆಯಲ್ಲೇ ಮೊದಲು ತೀರ್ಮಾನಿಸಿ.

ಇನ್ನು ಸಂಪರ್ಕ ಉಳಿಸಿಕೊಳ್ಳುವುದು. ಪ್ರತಿ ಭೇಟಿ ಮುಗಿದ ಕೂಡಲೇ ಕಾರ್ಡಿನ ಹಿಂಬದಿ ಒಂದು ಸಾಲು: ಏನು ಕೇಳಿದರು, ನೀವು ಏನು ಒಪ್ಪಿದಿರಿ. ಎರಡು ದಿನದೊಳಗೆ ಅದೇ ವಿಷಯ ಹಿಡಿದು ಸಂದೇಶ ಕಳಿಸಿ, ಹಬ್ಬದ ಶುಭಾಶಯದ ಚಿತ್ರ ಸಾಲದು. ಮೂರು ವಾರದ ಮೇಲೆ ರುಚಿ ಹೇಗಿತ್ತೆಂದು ಕೇಳಿ. ಉತ್ತರ ಬರದಿದ್ದರೆ ಸುಮ್ಮನಿದ್ದು, ಹೂಮಳೆ ಬಿದ್ದು ಹೂವಾದಾಗ ಎರಡು ಸಾಲು ಬರೆಯಿರಿ: ಮಳೆ ಯಾವತ್ತು, ಎಷ್ಟು, ಹೂವಾದ ಮೇಲೆ ಬರಬೇಕಾದ ಬ್ಯಾಕಿಂಗ್ ಮಳೆ ಸಿಕ್ಕಿತೇ. ಮುಂದಿನ ಫಸಲಿನ ಅಂದಾಜು ಅದರಿಂದಲೇ ಆಗುವುದರಿಂದ ಕೊಳ್ಳುವವರು ಅದನ್ನು ತಪ್ಪದೆ ಓದುತ್ತಾರೆ.

ತೋಟಕ್ಕೆ ಕರೆಯುವುದಾದರೆ ಜನವರಿ ಕೊನೆ, ಫೆಬ್ರವರಿ. ರೊಬಸ್ಟಾ ಕೊಯ್ಲು, ಪಲ್ಪರ್, ಕಣ ಎಲ್ಲವೂ ನಡೆಯುತ್ತಿರುತ್ತದೆ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ವಾರದಲ್ಲಿ ಕರೆದರೆ ಕೆಲಸ ತೋರಿಸಲು ಜನ ಇರುವುದಿಲ್ಲ, ಜುಲೈನಲ್ಲಿ ದಾರಿಯದೇ ಭರವಸೆ ಇಲ್ಲ. ನಮ್ಮ ಜಿಲ್ಲೆಗೆ ರೈಲಿಲ್ಲ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಮೈಸೂರಿನವರೆಗೆ ರೈಲು, ಅಲ್ಲಿಂದ ಕುಶಾಲನಗರದ ಮೇಲೆ ಬಸ್ಸು ಅಥವಾ ಕಾರು ಎಂದು ಆಹ್ವಾನದಲ್ಲೇ ಬರೆದುಬಿಡಿ, ರಾತ್ರಿ ಉಳಿಯಲು ಜಾಗ ಎಲ್ಲಿ ಎಂಬುದನ್ನೂ ಸೇರಿಸಿ.