ಟೆಲಿಮೆಟ್ರಿ ಸಿಗ್ನಲ್ ಸಂಜೆ ಹೊತ್ತೇ ಹೋಗುತ್ತೆ, ಯಾಕಿರಬಹುದು?

ಮಲೆನಾಡು ಸಿಸ್ಟರ್:
ನಮಸ್ತೆ ಎಲ್ರಿಗೂ. ನಾನು ಹಾರ್ಟ್ ಪೇಷಂಟ್ ವಾರ್ಡಲ್ಲಿ ಸ್ಟಾಫ್ ನರ್ಸ್. ಕುತ್ತಿಗೆಗೆ ಚೀಲದಲ್ಲಿ ನೇತು ಹಾಕೋ ವೈರ್‌ಲೆಸ್ ಇಸಿಜಿ ಡಬ್ಬಿ ಇದ್ಯಲ್ಲ, ಟೆಲಿಮೆಟ್ರಿ ಅಂತಾರಲ್ಲ, ಎಂಟು ಬೆಡ್‌ಗೂ ಅದೇ. ಒಂದು ತಿಂಗ್ಳಿಂದ ಸಂಜೆ ವಿಸಿಟಿಂಗ್ ಟೈಮಲ್ಲಿ ಸ್ಕ್ರೀನಿಂದ ಮೂರ್ನಾಲ್ಕು ಬೆಡ್ದು ಇಸಿಜಿ ಗೆರೆ ಒಟ್ಟಿಗೇ ಹೋಗುತ್ತೆ, ಹತ್ತಿಪ್ಪತ್ತು ಸೆಕೆಂಡ್ ಆದ್ಮೇಲೆ ತಾನಾಗೇ ಬರುತ್ತೆ. ಮೊನ್ನೆ 6ನೇ ಬೆಡ್ ತಾತಂಗೆ ಅದೇ ಹೊತ್ತಿಗೆ ತಲೆ ಸುತ್ತು ಬಂತು, ಓಡಿ ಹೋಗಿ ಕೈ ಹಿಡಿದು ನಾಡಿ ನೋಡಿದೆ, ಸಿಕ್ತು, ಆದ್ರೆ ಆಗ ರಿದಮ್ ಏನಿತ್ತು ಅಂತ ಡಾಕ್ಟ್ರು ಕೇಳಿದ್ರೆ ತೋರ್ಸೋಕೆ ಏನೂ ಇಲ್ಲ. ಅವತ್ತಿಂದ ನಂಗೆ ಸಮಾಧಾನ ಇಲ್ಲ. ಕಂಪನಿಯವ್ರು ಬೆಳಗ್ಗೆ ಬಂದು ನೋಡಿ ಎಲ್ಲ ಸರಿ ಇದೆ ಅಂದು ಹೋದ್ರು. ಜನರ ಮೊಬೈಲಿಂದ ಹೀಗಾಗುತ್ತಾ?

ಬಯೋಮೆಡ್ ದಾವಣಗೆರೆ:
ಸಿಸ್ಟರ್, ಸ್ಕ್ರೀನಲ್ಲಿ ಲೀಡ್ ಆಫ್ ಅಂತ ಬರುತ್ತಾ, ಸಿಗ್ನಲ್ ಲಾಸ್ ಅಂತ ಬರುತ್ತಾ? ಲೀಡ್ ಆಫ್ ಆದ್ರೆ ಎದೆಗೆ ಅಂಟಿಸೋ ಎಲೆಕ್ಟ್ರೋಡ್ ಒಣಗಿರುತ್ತೆ ಇಲ್ಲಾ ವೈರ್ ಲೂಸ್ ಆಗಿರುತ್ತೆ, ರೇಡಿಯೋಗೂ ಅದಕ್ಕೂ ಸಂಬಂಧ ಇಲ್ಲ. ಆದ್ರೆ ನಾಲ್ಕು ಬೆಡ್ ಒಟ್ಟಿಗೆ ಹೋಗುತ್ತೆ ಅಂದ್ರೆ ಗಾಳೀಲೇ ಏನೋ ಇದೆ. ನಿಮ್ಮದು ವೈಫೈ ಮೇಲೆ ಓಡೋದಾದ್ರೆ 2.4 ಗಿಗಾಹರ್ಟ್ಸ್ ಇರ್ಬೇಕು, ಆ ಜಾಗದಲ್ಲಿ ಬ್ಲೂಟೂತ್, ಮೈಕ್ರೋವೇವ್ ಓವನ್, ಜನರ ಹಾಟ್‌ಸ್ಪಾಟ್ ಎಲ್ಲಾ ಒಂದೇ ಬಸ್ಸಲ್ಲಿ ನುಗ್ಗಿದಂಗೆ. ಒಂದಕ್ಕೊಂದು ತಾಗದೇ ಇರೋ ಚಾನೆಲ್ ಅಂತ ಇರೋದೇ 1, 6, 11. ಬೆಳಗ್ಗೆ ಚೆಕ್ ಮಾಡಿದ್ರೆ ಏನ್ ಸಿಗುತ್ತೆ, ಸಂಜೆ ಅದೇ ಟೈಮಿಗೇ ಬರೋಕೆ ಹೇಳಿ. ಒಂದು ತಿಂಗಳ ಹಿಂದೆ ವಾರ್ಡ್ ಸುತ್ತ ಹೊಸದಾಗಿ ಏನ್ ಬಂತು ಅಂತ ಯೋಚ್ನೆ ಮಾಡಿ.

ಡಲ್ಲಾಸ್ ಕನ್ನಡಿಗ:
ನಾನಿರೋ ಊರಲ್ಲೇ ಇಂಥದ್ದೊಂದು ದೊಡ್ಡ ಸುದ್ದಿ ಆಗಿತ್ತು. 1998ರ ಫೆಬ್ರವರಿಲಿ ಡಬ್ಲ್ಯೂಎಫ್‌ಎಎ ಟಿವಿಯವ್ರು ಡಿಜಿಟಲ್ ಪ್ರಸಾರ ಟೆಸ್ಟ್ ಶುರು ಮಾಡಿದ್ರು, 9ನೇ ಚಾನೆಲ್ಲಲ್ಲಿ, ಬೇಲರ್ ಆಸ್ಪತ್ರೆಯ ಹಾರ್ಟ್ ಮಾನಿಟರ್‌ಗಳೂ ಅದೇ ಫ್ರೀಕ್ವೆನ್ಸಿ ಬಳಸ್ತಿದ್ವು, ಅವುಗಳ ಸಿಗ್ನಲ್ ಕೆಟ್ಟೋಯ್ತು. ವಿಷ್ಯ ಗೊತ್ತಾದ್ಮೇಲೆ ಟಿವಿಯವ್ರು ನಿಲ್ಸಿದ್ರು, ಪುಣ್ಯಕ್ಕೆ ಯಾರಿಗೂ ಏನೂ ಆಗ್ಲಿಲ್ಲ. ಆಮೇಲೆ 2000ದಲ್ಲಿ ಎಫ್‌ಸಿಸಿ, ಅಂದ್ರೆ ಅಮೆರಿಕದಲ್ಲಿ ರೇಡಿಯೋ ಫ್ರೀಕ್ವೆನ್ಸಿ ಹಂಚೋ ಸರ್ಕಾರಿ ಸಂಸ್ಥೆ, ಇಲ್ಲಿ ಟೆಲಿಮೆಟ್ರಿಗೇ ಅಂತ ಜಾಗ ಬಿಡ್ತು, ಅದ್ರಲ್ಲಿ 608ರಿಂದ 614 ಮೆಗಾಹರ್ಟ್ಸ್ ಅಂದ್ರೆ ಟಿವಿ 37ನೇ ಚಾನೆಲ್, ರೇಡಿಯೋ ಖಗೋಳದವ್ರಿಗೆ ಅಂತ ಟಿವಿಗೆ ಕೊಡದೆ ಉಳಿಸಿದ್ದು. ಆದ್ರೆ ಆ ಫ್ರೀಕ್ವೆನ್ಸಿಲಿ ಓಡೋ ಸೆಟ್ ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಗುತ್ತೆ ಅಂತ ಊರಿಗೆ ತರಿಸ್ಬೇಡಿ, ಇದು ಇಲ್ಲಿಯ ರೂಲ್ಸು, ಅಲ್ಲಿ ಭಾರತದ ಟೆಲಿಕಾಂ ಇಲಾಖೆಯ ಫ್ರೀಕ್ವೆನ್ಸಿ ವಿಭಾಗ ಡಬ್ಲ್ಯೂಪಿಸಿ ಹೇಳಿದ್ದೇ ನಡೆಯೋದು.

ಮಲೆನಾಡು ಸಿಸ್ಟರ್:
ಸಿಗ್ನಲ್ ಲಾಸ್ ಅಂತಾನೇ ಬರೋದು ಸಾರ್. ನೀವು ಹೇಳಿದ್ಮೇಲೆ ನೆನಪಾಯ್ತು, ಪೇಷಂಟ್ ಕಡೆಯವ್ರು ಕೂರೋ ಜಾಗದಲ್ಲಿ ಫ್ರೀ ವೈಫೈ ಡಬ್ಬಿ ಹಾಕಿದ್ದು ಹೋದ ತಿಂಗ್ಳೇ, 5ರಿಂದ 8ನೇ ಬೆಡ್ ಗೋಡೆ ಆಚೆಗೇ ಇದೆ, ಹೋಗೋದೂ ಅವೇ ಬೆಡ್.

ಬಯೋಮೆಡ್ ದಾವಣಗೆರೆ:
ಹಂಗಾದ್ರೆ ಐಟಿಯವ್ರಿಗೆ ಹೇಳಿ ಎರಡು ಸಂಜೆ ಅದನ್ನ ಆಫ್ ಮಾಡ್ಸಿ, ಗೆರೆ ಹೋದ ಟೈಮು, ಬೆಡ್ ನಂಬರ್ ಪುಸ್ತಕದಲ್ಲಿ ಬರೀತಾ ಹೋಗಿ. ಅಲ್ಲಿವರೆಗೂ ತಾತನ್ನ ವೈರ್ ಇರೋ ಬೆಡ್‌ಸೈಡ್ ಮಾನಿಟರ್‌ಗೇ ಹಾಕಿಸೋಕೆ ಡಾಕ್ಟ್ರನ್ನ ಕೇಳಿ, ಸಿಗ್ನಲ್ ಲಾಸ್ ಅಲಾರಂ ಕಿರಿಕಿರಿ ಅಂತ ಮ್ಯೂಟ್ ಮಾಡೋಕೆ ಮಾತ್ರ ಯಾರಿಗೂ ಬಿಡ್ಬೇಡಿ.

ಮಲೆನಾಡು ಸಿಸ್ಟರ್:
ತಾತನ್ನ ಈಗ್ಲೇ ವೈರ್ ಮಾನಿಟರ್‌ಗೆ ಹಾಕ್ಸಿದೆ ಸಾರ್. ನಾಳೆ ನಾಲ್ಕು ಗಂಟೆಗೆ ಆಫ್ ಮಾಡ್ತೀವಿ ಅಂದಿದ್ದಾರೆ, ನೋಡಿ ಬರೀತೀನಿ.